ಆಫ್ರಿಕಾಕ್ಕೆ ಹೊರಟ ಕೋವಿ

ಆರ್ಲೆನ್ ಟ್ವೆಟ್ ಮರುದಿನ ಬೆಳಗಿನ ಜಾವ ಆಫ್ರಿಕಾಕ್ಕೆ ಹೊರಡುವವನಿದ್ದ. ಪಾಸ್‌ಪೋರ್ಟ್ ಇತ್ತು, ಟಿಕೆಟ್ ಇತ್ತು, ಸೊಳ್ಳೆಗೆ ಹಚ್ಚುವ ಮುಲಾಮು ಇತ್ತು, ಹೆಂಡತಿ ಆರ್ಡಿಸ್ ಕೂತು ಹೊಲಿದುಕೊಟ್ಟ ಮೈತುಂಬ ಜೇಬಿನ ಅಂಗಿಯೂ ಇತ್ತು. ಇಲ್ಲದಿದ್ದದ್ದು ಒಂದು ಸಹಿ. ಅದಿಲ್ಲ ಅನ್ನುವುದೂ ಅವನಿಗೆ ಗೊತ್ತಿರಲಿಲ್ಲ.

ಗೊತ್ತುಮಾಡಿಸಿದವನು ಆರ್ಡಿಸಳ ತಮ್ಮ ವರ್ಲಿನ್. ದಿನಾ ಬೆಳಿಗ್ಗೆ ಇವರ ಮನೆಗೆ ಕಾಫಿಗೆ ಬರುವುದು ಅವನ ರೂಢಿ. ಅವನ ಮನೆಯಲ್ಲೂ ಕಾಫಿ ಇತ್ತು, ಆದರೆ ಅಲ್ಲಿ ಬುದ್ಧಿ ಹೇಳಲು ಯಾರೂ ಇರಲಿಲ್ಲ.

"ಭಾವ, ಕೋವಿಗೆ ಕಸ್ಟಮ್ಸ್ ಸಹಿ ಹಾಕ್ಸಿದ್ರಾ?"

ಆರ್ಲೆನ್‌ನ ಕೈಯಲ್ಲಿದ್ದ ಕಪ್ಪು ಅರ್ಧದಲ್ಲೇ ನಿಂತಿತು. "ಯಾವ ಸಹಿ?"

"ಹೊರಡೋ ಮುಂಚೆ ಕೋವೀನ ಕಸ್ಟಮ್ಸ್‌ನೋರಿಗೆ ತೋರಿಸ್ಬೇಕು. ಅವ್ರು ನಂಬರ್ ಕಣ್ಣಾರೆ ನೋಡಿ ಫಾರಂಗೆ ಸಹಿ ಹಾಕ್ತಾರೆ. ಇಲ್ದಿದ್ರೆ ವಾಪಸ್ ಬರುವಾಗ, ಇದನ್ನ ಆಫ್ರಿಕಾದಲ್ಲಿ ಕೊಂಡ್ಕೊಂಡ್ ಬಂದ್ರಿ ಅಂತ ಹಿಡ್ಕೋತಾರೆ. ಅದಕ್ಕೂ ಮೊದ್ಲು, ಅಲ್ಲಿ ಇಳೀವಾಗ ಆಫ್ರಿಕಾದೋರು ಕೇಳೋದೂ ಅದನ್ನೇ."

"ನಿಂಗಿದು ಯಾವಾಗ ಗೊತ್ತಾಯ್ತು?"

"ಮಾರ್ಚ್‌ನಲ್ಲೇ ಗೊತ್ತಿತ್ತು. ನಿಮಗೂ ಗೊತ್ತಿರುತ್ತೆ ಅಂದ್ಕೊಂಡೆ."

ಆಗ ಸೆಪ್ಟೆಂಬರ್.

ವರ್ಲಿನ್‌ಗೆ ಈ ಪ್ರಯಾಣದ ಮೇಲೆ ಒಂದು ಬಗೆಯ ಹಕ್ಕಿತ್ತು. ಎಲ್ಸ್‌ಗಾರ್ಡ್ ಊರಿನ ಬೇಟೆಗಾರರ ಸಂಘದ ಊಟದಲ್ಲಿ ಲಾಟರಿ ಚೀಟಿ ಮಾರುವವರು ಬಂದಾಗ ಮೊದಲು ನಿಂತದ್ದು ವರ್ಲಿನ್‌ನ ಮುಂದೆ. ಅವನ ಎರಡೂ ಕೈ ಸಾಸಿವೆ ಸಾಸಿನಲ್ಲಿ ಮುಳುಗಿದ್ದವು. "ಭಾವಂಗೆ ಕೊಡಿ," ಅಂದ. ಆ ಚೀಟಿಗೇ ಆಫ್ರಿಕಾ ಬೇಟೆ ಬಹುಮಾನ ಬಂತು. ಅಂದಿನಿಂದ ಅವನ ಪ್ರಕಾರ ಹೋಗುತ್ತಿರುವುದು ತಾನು, ಭಾವ ಬರೀ ಶರೀರ.

ಆರ್ಲೆನ್‌ಗೆ ಇದು ಚೀಟಿಯ ಮಾತಾಗಿರಲಿಲ್ಲ. ಅವನು ಊರಿನ ಸ್ಕೂಲ್ ಬಸ್ ಓಡಿಸುವವನು. ಅದೇ ಸೂರ್ಯಕಾಂತಿ ಹೊಲ, ಅದೇ ತಿರುವು, ಹಿಂದೆ ಬಸ್ಸನ್ನು ಅಟ್ಟಿಸಿಕೊಂಡು ಬರುತ್ತಿದ್ದ ನಾಯಿಗಳ ಮರಿಮಕ್ಕಳು ಈಗ ಅಟ್ಟಿಸಿಕೊಂಡು ಬರುತ್ತಿದ್ದವು. ಅಪ್ಪನೂ ಹಾಗೇ, ಈ ಜಿಲ್ಲೆ ದಾಟಿದವನಲ್ಲ. ಆದರೆ ಕೊಟ್ಟಿಗೆಯ ಬಾಗಿಲಿಗೆ ಹಳೇ ಕ್ಯಾಲೆಂಡರಿನದೊಂದು ಚಿತ್ರ ಹೊಡೆದಿದ್ದ: ಸುರುಳಿ ಸುರುಳಿ ಕೊಂಬಿನ ಆಫ್ರಿಕಾದ ಜಿಂಕೆ. ಹಾಲು ಕರೆದು ಬರುವಾಗಲೆಲ್ಲ ಅದರ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದ. "ಇದನ್ನ ಒಂದ್ಸಲ ನೋಡ್ಬೇಕು ಕಣೋ. ಹೊಡೀದೇ ಇದ್ರೂ ಪರವಾಗಿಲ್ಲ." ನೋಡದೆಯೇ ಹೋದ. ಅವನ ಕೋವಿ ಉಳಿದಿತ್ತು, ಹಿಡಿ ಸೀಳಿದ ಕಡೆ ಅವನೇ ಸುತ್ತಿದ ನೀಲಿ ಟೇಪಿನ ಸಮೇತ. ಆ ಕೋವಿಗಾದರೂ ಆ ಜಿಂಕೆ ತೋರಿಸಬೇಕು, ಆರ್ಲೆನ್‌ನ ಆಸೆ ಇಷ್ಟೇ.

"ಕೆನಡಾ ಗಡಿ ಹತ್ರ ನಮ್ಮೋರ ಚೆಕ್‌ಪೋಸ್ಟ್ ಇದೆಯಲ್ಲ, ಅಲ್ಲೇ ಹಾಕ್ಕೊಡ್ತಾರೆ," ಅಂದ ವರ್ಲಿನ್. "ಐದಕ್ಕೆ ಮುಚ್ತಾರೆ. ನಾನೂ ಬರ್ಲಾ?"

"ಬೇಡ."

"ತಿರುವು ಗೊತ್ತಲ್ಲ? ಧ್ವಜ ಕಾಣ್ಸೋಕೆ ಮುಂಚೆ ಬಲಕ್ಕೆ. ನೇರ ಹೋದ್ರೆ ಕೆನಡಾ."

"ವರ್ಲಿನ್, ನಾನು ಬಸ್ ಡ್ರೈವರ್ ಕಣಯ್ಯಾ."

ಫಾರಂ ತೆಗೆಸಲು ಲೈಬ್ರರಿಗೆ ಹೋದರೆ ಪ್ರಿಂಟರ್ ಕೆಟ್ಟಿತ್ತು. ಪಾದ್ರಿಯವರ ಪ್ರಿಂಟರಿನಲ್ಲಿ ತೆಗೆಸೋಣವೆಂದು ಚರ್ಚಿಗೆ ಹೋದರೆ, ಆ ನೆಪದಲ್ಲಿ ಅವರು ಪ್ರಯಾಣಕ್ಕೊಂದು ಪ್ರಾರ್ಥನೆ ಹೇಳಿದರು, ಆಮೇಲೆ ಅಡುಗೆಮನೆಯಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು ಆಫ್ರಿಕಾದ ನೀರು ಕುಡಿಯಬೇಡ ಅಂತ ಹೇಳಿ, ತಟ್ಟೆ ತುಂಬ ಆಲೂಗೆಡ್ಡೆ ರೊಟ್ಟಿ ತಿನ್ನಿಸಿದರು. ಫಾರಂ ಹಿಡಿದು ಅವನು ಊರು ಬಿಡುವ ಹೊತ್ತಿಗೆ ಎರಡು ಗಂಟೆ ದಾಟಿತ್ತು.

ಗಡಿ ಹತ್ತಿರವಾಯಿತು. ಬಲಕ್ಕೆ ತಿರುಗುವ ಪುಟ್ಟ ಬೋರ್ಡು ದೂರದಲ್ಲಿ ಕಂಡದ್ದೂ ನಿಜ. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ಭಾವ, ತಿರುವು ತಪ್ಪಿಸ್ಬೇಡಿ ಅಂತ ಹೇಳೋಕೇ ಮಾಡ್ದೆ."

"ಗೊತ್ತಯ್ಯಾ."

"ಧ್ವಜ ಕಾಣ್ಸೋಕೆ ಮುಂಚೆ."

"ಗೊತ್ತು ಅಂದ್ನಲ್ಲ."

"ಈಗ ಏನ್ ಕಾಣ್ತಾ ಇದೆ?"

ಆರ್ಲೆನ್ ಕತ್ತೆತ್ತಿ ನೋಡಿದ. "ಧ್ವಜ," ಅಂದ.

ಬೋರ್ಡು ಕನ್ನಡಿಯಲ್ಲಿ ಹಿಂದೆ ಸರಿಯುತ್ತಿತ್ತು. ಎರಡೂ ಕಡೆ ಕಾಂಕ್ರೀಟ್ ಗೋಡೆ. ಹಿಂದೆ ಧಾನ್ಯದ ಲಾರಿ. ದೊಡ್ಡಿಯ ಓಣಿ ಹೊಕ್ಕ ಕುರಿಯ ಹಾಗೆ ಮುಂದೆ ಹೋಗುವುದೊಂದೇ ದಾರಿ. ಬದುಕಿನಲ್ಲಿ ಒಂದು ತಿರುವೂ ತಪ್ಪಿಸದ ಆರ್ಲೆನ್ ಟ್ವೆಟ್, ಅಪ್ಪನ ಕೋವಿಯನ್ನು ಡಿಕ್ಕಿಯಲ್ಲಿಟ್ಟುಕೊಂಡು ಕೆನಡಾ ದೇಶವನ್ನು ಪ್ರವೇಶಿಸಿದ.

ಕಿಟಕಿಯಲ್ಲಿ ಕೆಂಪು ಮೀಸೆಯ ಅಧಿಕಾರಿ, ಮದುವೆಮನೆ ಬಾಗಿಲಲ್ಲಿ ನಿಂತವನ ಹಾಗೆ ನಗುತ್ತಿದ್ದ.

"ಕೆನಡಾಕ್ಕೆ ಸ್ವಾಗತ. ಏನ್ ಕೆಲಸದ ಮೇಲೆ ಬಂದ್ರಿ?"

"ನಾನು ಕೆನಡಾಕ್ಕೆ ಬರ್ತಾ ಇಲ್ಲ ಸರ್."

ಅಧಿಕಾರಿ ಹೊರಗೆ ಇಣುಕಿ ಕಾರಿನ ಚಕ್ರ ನೋಡಿದ. "ಬಂದಿದೀರಲ್ಲ."

"ತಿರುವು ತಪ್ಪಿತು. ವಾಪಸ್ ತಿರುಗ್ಸಿ ಹೋಗ್ತೀನಿ."

"ಧಾರಾಳವಾಗಿ ತಿರುಗ್ಸಿ. ಗಾಡೀಲಿ ಕೋವಿ ಗೀವಿ ಏನೂ ಇಲ್ವಲ್ಲ?"

ಸುಳ್ಳು ಹೇಳುವ ಅಭ್ಯಾಸ ಆರ್ಲೆನ್‌ಗೆ ಇರಲಿಲ್ಲ. ಅದನ್ನು ಆ ಗಳಿಗೆಯಲ್ಲಿ ಶುರುಮಾಡುವ ಧೈರ್ಯವೂ ಬರಲಿಲ್ಲ. ಕಾರನ್ನು ಪಕ್ಕಕ್ಕೆ ಹಾಕಿಸಿದರು. ಕೋವಿಯನ್ನು ದೇಶದೊಳಗೆ ತಂದದ್ದಕ್ಕೆ ಒಂದು ಫಾರಂ, ಮೂರು ಪ್ರತಿ.

"ಕೋವಿ ತಂದ ಉದ್ದೇಶ?" ಅಧಿಕಾರಿ ಪೆನ್ನು ಹಿಡಿದು ಕೇಳಿದ. "ಬೇಟೆ, ಗುರಿ ಸ್ಪರ್ಧೆ, ಕರಡಿ ಕಾಟ. ಯಾವ್ದು?"

"ಕಾರು ತಿರುಗ್ಸೋದು."

"ಅದಿಲ್ಲಿ ಇಲ್ಲ."

"ನಂಗಿರೋದು ಅದೊಂದೇ ಸರ್."

ಅಧಿಕಾರಿ ಬಹಳ ಮರುಕದಿಂದ ಯೋಚಿಸಿ, ಬೇಟೆ ಅಂತ ಬರೆದ. ಶುಲ್ಕ ಕಟ್ಟಿಸಿಕೊಂಡ. "ನೋಡಿ, ಇದು ಅರವತ್ತು ದಿನ ನಡೆಯುತ್ತೆ. ಬಿಡುವಾದಾಗ ಬಂದು ಬೇಟೆ ಆಡಿ," ಎಂದು ಕೈ ಕುಲುಕಿದ. ಆಫ್ರಿಕಾದ ಕಾಗದಕ್ಕೆ ಹೊರಟ ಆರ್ಲೆನ್ ಕೆನಡಾದ ಕಾಗದ ಹಿಡಿದು, ಮೂರೂವರೆಗೆ ತನ್ನ ದೇಶದ ಕಡೆ ಕಾರು ತಿರುಗಿಸಿದ.

ಈ ಕಡೆ ಕೌಂಟರಿನಲ್ಲಿದ್ದವಳನ್ನು ನೋಡಿ ಅವನ ಜೀವ ಹಗುರಾಯಿತು. ಟೆಸ್ಸಾ, ಸೋಲ್ಬರ್ಗ್ ಮನೆ ಹುಡುಗಿ. ಮೂರನೇ ಕ್ಲಾಸಿನಿಂದ ಅವನ ಬಸ್ಸಿನಲ್ಲೇ ಓಡಾಡಿದವಳು. ಈಗ ಸೊಂಟದಲ್ಲಿ ಪಿಸ್ತೂಲು.

"ಅರೆ, ಆರ್ಲೆನ್ ಅಂಕಲ್," ಅಂದಳು. ಪಾಸ್‌ಪೋರ್ಟ್ ಕೈಗೆ ಬಂದದ್ದೇ ಮುಖಕ್ಕೆ ಸರ್ಕಾರ ಬಂತು. "ಹೊರದೇಶದಿಂದ ಬರ್ತಿದೀರಿ. ಗಾಡೀಲಿ ಏನಾದ್ರೂ ಇದೆಯಾ ಸರ್?"

"ಅಪ್ಪನ ಕೋವಿ ಇದೆಯಮ್ಮ."

"ಅದು ಇಲ್ಲಿಂದ್ಲೇ ಹೋಗಿದ್ದು ಅನ್ನೋಕೆ ಸಹಿ ಆಗಿರೋ ಫಾರಂ ಕೊಡಿ."

"ಆ ಫಾರಂಗೆ ಸಹಿ ಹಾಕ್ಸೋಕೇ ಬಂದಿದ್ದು."

"ಸಹಿ ಹಾಕ್ಸೋದು ಹೋಗೋ ಮುಂಚೆ ಸರ್."

"ನಾನು ಹೋಗ್ಬೇಕು ಅಂತ ಹೋಗ್ಲಿಲ್ಲ."

"ಹೋಗಿಲ್ಲ ಅಂದ್ರೆ ಬರ್ತಿರೋದು ಎಲ್ಲಿಂದ?" ಅವಳು ಕೆನಡಾದ ಕಾಗದ ಬಿಡಿಸಿದಳು. "ಬೇಟೆಗೆ ಹೋಗಿದ್ರಿ ಅಂತಿದೆ."

ಆರ್ಲೆನ್ ಬೆಂಚಿನ ಮೇಲೆ ಕುಸಿದ. ಕೋವಿ ಇಲ್ಲಿಯದೇ ಅನ್ನಲು ರಸೀದಿ ಉಂಟೇ ಎಂದು ಅವಳು ಕೇಳಿದಳು. ಅಪ್ಪ ಅದನ್ನು ಕೊಂಡ ಅಂಗಡಿ ಸುಟ್ಟುಹೋಗಿ, ಆ ಜಾಗದಲ್ಲಿ ಈಗ ಕ್ಷೌರದಂಗಡಿ ಇತ್ತು. ರಸೀದಿ ಇಲ್ಲದಿದ್ದರೆ ಇದು ಹೊರಗಿನಿಂದ ಬಂದ ಕೋವಿ. ಒಳಗೆ ಬಿಡಲು ಬೇರೆ ಇಲಾಖೆಯ ಅಪ್ಪಣೆ ಬೇಕು. ಅಪ್ಪಣೆಗೆ ತಿಂಗಳುಗಟ್ಟಲೆ ಕಾಯಬೇಕು. ಅಲ್ಲಿಯವರೆಗೆ ಕೋವಿ ಅವರ ಕಬ್ಬಿಣದ ಬೀರುವಿನಲ್ಲಿ. ಅಪ್ಪನನ್ನೇ ಜೈಲಿಗೆ ಹಾಕಿದಂತೆ ಆರ್ಲೆನ್‌ಗೆ ಅನ್ನಿಸಿತು.

"ಟೆಸ್ಸಾ, ಒಂದ್ಸಲ ಕಣ್ಮುಚ್ಚಿ ಬಿಟ್ಬಿಡಮ್ಮ."

"ಅಂಕಲ್, ನಾನು ಏಳನೇ ಕ್ಲಾಸಲ್ಲಿದ್ದಾಗ ಒಂದು ನಿಮಿಷ ತಡ ಅಂತ ಬಸ್ಸಿನ ಬಾಗ್ಲು ಮುಚ್ಕೊಂಡು ಹೋಗಿದ್ರಿ. ಹಿಮ ಬೀಳ್ತಿತ್ತು. ರೂಲ್ಸು ಅಂದ್ರೆ ರೂಲ್ಸು ಅಂತ ಮಾರನೇ ದಿನ ನೀವೇ ಹೇಳಿದ್ದು."

ಅದು ಸಿಟ್ಟಿನ ಮಾತಾಗಿರಲಿಲ್ಲ. ಪಾಠ ಒಪ್ಪಿಸಿದಂತಿತ್ತು. ಆರ್ಲೆನ್ ಆರ್ಡಿಸ್‌ಗೆ ಫೋನ್ ಮಾಡಿದ.

"ರೀ, ಎಲ್ಲಿದೀರಾ?"

"ಗಡೀಲಿ. ಕೆನಡಾಕ್ಕೆ ಹೋಗ್ಬಂದೆ."

"ಅಲ್ಲಿಗ್ಯಾಕೆ ಹೋದ್ರಿ? ಟಿಕೆಟ್ ಇರೋದು ಆಫ್ರಿಕಾಕ್ಕೆ ಕಣ್ರೀ. ತಾಳಿ, ವರ್ಲಿನ್ನ ಕಳಿಸ್ತೀನಿ."

"ಅವನೊಬ್ಬನ್ನ ಬಿಟ್ಟು ಯಾರನ್ನಾದ್ರೂ ಕಳ್ಸು."

ಅಷ್ಟರಲ್ಲಿ ಫೋನು ವರ್ಲಿನ್‌ನ ಕೈ ಸೇರಿತ್ತು. "ಹೊರಟೆ ಭಾವ."

ನಾಲ್ಕೂಕಾಲಿಗೆ ಅವನ ಪಿಕಪ್ ಬಂತು. ಬೋರ್ಡಿನ ಹತ್ತಿರ ಇಂಡಿಕೇಟರ್ ಹಾಕಿ, ಬಲಕ್ಕೆ ತಿರುಗಿ, ಅಂಗಳದಲ್ಲಿ ಅಂದವಾಗಿ ನಿಂತಿತು. ಒಳಗೆ ಬಂದ ವರ್ಲಿನ್ ಮೊದಲು ಆಡಿದ ಮಾತೇ ಆ ತಿರುವಿನದು.

"ನೋಡಿದ್ರಾ ಭಾವ? ಸುಮ್ನೆ ಹೀಗೆ ಸ್ಟೀರಿಂಗ್ ತಿರುಗ್ಸೋದು. ವರ್ಷಾ ವರ್ಷಾ ಆ ಕಡೆ ಮೀನು ಹಿಡಿಯೋಕೆ ಹೋಗ್ತೀನಿ, ಈ ರಸ್ತೇಲಿ ನಾನು ನಿದ್ದೇಲೂ ಓಡಿಸ್ತೀನಿ. ಇದನ್ನೂ ತಪ್ಪಿಸ್ತಾರಲ್ಲ ಜನ."

ಆದರೆ ಅವನ ಕಂಕುಳಲ್ಲಿ ಊರಿನ ವಾರಪತ್ರಿಕೆ ಇತ್ತು. ಅದನ್ನು ಕೌಂಟರಿನ ಮೇಲೆ ಹರಡಿದ. ಮುಖಪುಟದಲ್ಲಿ ಆರ್ಲೆನ್ ಚರ್ಚಿನ ಮೆಟ್ಟಿಲ ಮೇಲೆ, ಹಲ್ಲು ನೋವಿದ್ದವನಂತೆ ನಗುತ್ತಾ, ಎದೆಗೆ ಅಡ್ಡಲಾಗಿ ಕೋವಿ ಹಿಡಿದು ನಿಂತಿದ್ದ. ಕೆಳಗೆ, 'ನಮ್ಮ ಆರ್ಲೆನ್ ಆಫ್ರಿಕಾಕ್ಕೆ.'

"ಹೋದ ಗುರುವಾರ ತೆಗೆದಿದ್ದು. ಕೋವಿ ಇಲ್ಲೇ ಇತ್ತಲ್ಲ? ಹಿಡೀಲಿ ನೀಲಿ ಟೇಪ್ ನೋಡಮ್ಮ."

ಟೆಸ್ಸಾ ಪತ್ರಿಕೆ ನೋಡಿದಳು, ಕೋವಿ ನೋಡಿದಳು, ಟೇಪಿನ ಸುತ್ತು ಎಣಿಸಿದಳು. ಒಳಗೆ ಹೋಗಿ ಮೇಲಿನವರಿಗೆ ಫೋನ್ ಮಾಡಿದಳು. ಗೋಡೆ ಗಡಿಯಾರದ ಮುಳ್ಳು ಆರ್ಲೆನ್‌ನ ಎದೆಯ ಮೇಲೇ ನಡೆಯುತ್ತಿತ್ತು. ಐದಕ್ಕೆ ಹತ್ತು ನಿಮಿಷವಿರುವಾಗ ಹೊರಗೆ ಬಂದು, ಕೋವಿಯ ನಂಬರನ್ನು ಎರಡು ಸಲ ಓದಿ, ಫಾರಂಗೆ ಸಹಿ ಹಾಕಿ, ಠಪ್ಪನೆ ಮುದ್ರೆ ಒತ್ತಿದಳು.

"ಈ ಕೋವಿ ಇನ್ನು ಲೋಕದಲ್ಲಿ ಎಲ್ಲಿಗೆ ಬೇಕಾದ್ರೂ ಹೋಗಿ ಬರಬಹುದು ಅಂಕಲ್."

ಬೆಳಗಿನಿಂದ ಮೊದಲ ಬಾರಿಗೆ ಆರ್ಲೆನ್ ಪೂರ್ತಿ ಉಸಿರೆಳೆದುಕೊಂಡ. ಕಣ್ಣಮುಂದೆ ಸುರುಳಿ ಕೊಂಬಿನ ಜಿಂಕೆ ಹಾದುಹೋಯಿತು. ಮಡಿಸಿ ಜೇಬಿಗೆ ಹಾಕುವ ಆತುರದಲ್ಲಿ ಫಾರಂ ಎರಡು ಸಲ ನೆಲಕ್ಕೆ ಬಿತ್ತು.

"ಒಂದು ಕಾಗದ ನಿಮ್ಮ ಕೈಲಿ ನಿಲ್ಲಲ್ವಲ್ಲ ಭಾವ," ಅಂದ ವರ್ಲಿನ್, ಕೌಂಟರಿನ ಮೇಲಿದ್ದ ಪಾಸ್‌ಪೋರ್ಟ್ ಎತ್ತಿಕೊಂಡು ತನ್ನ ಜೇಬಿಗೆ ಸೇರಿಸುತ್ತಾ. "ಕೋವಿ, ಅದರ ಕಾಗದ ನಿಮ್ಮ ಹತ್ರ ಇರ್ಲಿ. ಇದನ್ನ ಮನೆವರೆಗೂ ನಾನಿಟ್ಕೊಂಡಿರ್ತೀನಿ. ನಿಮ್ಮ ಕೈಲಿದ್ರೆ ಇದೂ ದಾರಿ ತಪ್ಪುತ್ತೆ."

"ಕೊಡಯ್ಯಾ ಇಲ್ಲಿ ಅದನ್ನ."

"ಅಕ್ಕ ಹೇಳಿ ಕಳಿಸಿದಾಳೆ. ಸುಮ್ನೆ ನನ್ನ ಹಿಂದೆ ಬನ್ನಿ. ಫೋನ್ ಬಂದ್ರೂ ಎತ್ಬೇಡಿ, ನನ್ನ ಹಿಂದಿನ ದೀಪ ನೋಡ್ಕೊಂಡು ಬನ್ನಿ ಅಷ್ಟೇ."

ವಾದಿಸುವ ಶಕ್ತಿ ಆರ್ಲೆನ್‌ನಲ್ಲಿ ಉಳಿದಿರಲಿಲ್ಲ. ಕೋವಿಯನ್ನು ಮಗುವಿನಂತೆ ಡಿಕ್ಕಿಯಲ್ಲಿ ಮಲಗಿಸಿ ಕಾರು ಹತ್ತಿದ.

ಅಂಗಳದ ಬಾಯಲ್ಲಿ ಎರಡು ದಾರಿ. ಎಡಕ್ಕೆ ಊರು, ಬಲಕ್ಕೆ ಕೆನಡಾ. ಮುಂದಿನ ಪಿಕಪ್‌ನಲ್ಲಿ ವರ್ಲಿನ್ ಆಗಲೇ ಫೋನು ಕಿವಿಗೆ ಒತ್ತಿಕೊಂಡಿದ್ದ. ಇನ್ನೊಂದು ಕೈ ಗಾಳಿಯಲ್ಲಿ ಬೀಸುತ್ತಿತ್ತು. ಪಾದ್ರಿಯವರಿಗೋ, ಆರ್ಡಿಸ್‌ಗೋ, ತಾನು ಹೋಗದಿದ್ದರೆ ಏನಾಗುತ್ತಿತ್ತು ಅನ್ನುವುದನ್ನು ವಿವರಿಸುತ್ತಿರಬೇಕು. ಪಿಕಪ್‌ಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಅದು ವರ್ಷಾ ವರ್ಷಾ ಮೀನಿಗೆ ಹೋಗುವ ಅಭ್ಯಾಸದಲ್ಲಿ, ಹಸು ಕೊಟ್ಟಿಗೆಗೆ ತಿರುಗುವ ಹಾಗೆ, ಸಲೀಸಾಗಿ ಬಲಕ್ಕೆ ತಿರುಗಿತು.

ಆರ್ಲೆನ್ ಬ್ರೇಕ್ ಒತ್ತಿದ. ಹಾರ್ನ್ ಹೊಡೆದ. ಉದ್ದಕ್ಕೆ ಹೊಡೆದ. ವರ್ಲಿನ್ ಕನ್ನಡಿಯಲ್ಲಿ ನೋಡಿ, ಭಾವನ ಸಂತೋಷಕ್ಕೆ ಪಾರವಿಲ್ಲ ಅಂದುಕೊಂಡು, ತಾನೂ ಎರಡು ಸಲ ಹಾರ್ನ್ ಹೊಡೆದು ಕಿಟಕಿಯಿಂದ ಕೈ ಬೀಸಿದ. ಕಾಂಕ್ರೀಟ್ ಗೋಡೆಗಳ ನಡುವೆ ಪಿಕಪ್‌ನ ಕೆಂಪು ದೀಪಗಳು ಚಿಕ್ಕದಾಗುತ್ತಾ ಹೋದವು.

ಹಿಂದಿನಿಂದ ಕಿರ್ರೆಂದು ಸದ್ದಾಯಿತು. ಟೆಸ್ಸಾ ಗೇಟು ಎಳೆಯುತ್ತಿದ್ದಳು.

"ಒಂದು ನಿಮಿಷ ತಾಳಮ್ಮ, ನನ್ನ ಪಾಸ್‌ಪೋರ್ಟು ಆ ಗಾಡೀಲಿ ಹೋಯ್ತು."

ಅವಳು ಗಡಿಯಾಚೆ ನೋಡಿದಳು, ಆಮೇಲೆ ವಾಚು ನೋಡಿದಳು. ಮುಖ ನಿಜವಾಗಿಯೂ ಬಾಡಿತು. "ಐದಾಯ್ತು ಅಂಕಲ್. ಇನ್ನು ಎರಡೂ ಕಡೆ ಗೇಟು ತೆಗೆಯೋದು ಬೆಳಿಗ್ಗೆ ಒಂಬತ್ತಕ್ಕೇ."

"ಬೆಳಿಗ್ಗೆ ಆರಕ್ಕೆ ವಿಮಾನ ಕಣಮ್ಮ."

ಅವಳು ಗೇಟಿಗೆ ಬೀಗ ಹಾಕಿ, ಸಮಾಧಾನಕ್ಕೆ ಏನಾದರೂ ಹೇಳಬೇಕಲ್ಲ ಎಂದು, "ಕೋವೀದೇನೂ ತೊಂದ್ರೆ ಇಲ್ಲ, ಅದು ಹೋಗಬಹುದು," ಅಂದಳು.

ಫೋನು ಬಡಿದುಕೊಂಡಿತು. ಎತ್ತಬೇಡಿ ಅಂದವನದೇ ಫೋನು. ಫೋನಿನಾಚೆ ಕೆಂಪು ಮೀಸೆಯ ಅಧಿಕಾರಿಯ ದನಿ, ಇನ್ನೊಬ್ಬರ ಪಾಸ್‌ಪೋರ್ಟ್ ನಿಮ್ಮ ಜೇಬಿಗೆ ಹೇಗೆ ಬಂತು ಎಂದು ಬಹಳ ವಿನಯದಿಂದ ಕೇಳುತ್ತಿತ್ತು.

"ಭಾವ," ಅಂದ ವರ್ಲಿನ್, ಬೇಸರದಿಂದ. "ಕನ್ನಡೀಲಿ ನೋಡ್ತೀನಿ, ನೀವು ಹಿಂದೆ ಇಲ್ವೇ ಇಲ್ಲ. ಮತ್ತೆ ತಿರುವು ತಪ್ಪಿಸಿದ್ರಾ?"