ದಿಲ್ಲಿಯ ಕೂಸು ಯಾಕೆ ಅಳುವುದಿಲ್ಲ

ಬುಧವಾರ ಸಂಜೆಯ ನಗೆ ಧಾರಾವಾಹಿಯನ್ನು ಬರೆಯುವ ದಿಲ್ಲಿಯ ಲೇಖಕ ಮಹಾಶಯರ ಸನ್ನಿಧಿಗೆ, ಒಂದು ತೊಡೆಯ ಮೇಲೆ ಕೂಸನ್ನೂ ಇನ್ನೊಂದರ ಮೇಲೆ ಕಾಗದವನ್ನೂ ಇಟ್ಟುಕೊಂಡು ಕೂತಿರುವ ಇಳಕಲ್ಲಿನ ತಾಯಿಯೊಬ್ಬಳ ಸಾಷ್ಟಾಂಗ ನಮಸ್ಕಾರಗಳು. (ಕೂಸು ಏಳುವ ಭಯವಿರುವುದರಿಂದ ಸಾಷ್ಟಾಂಗವನ್ನು ಮನಸ್ಸಿನಲ್ಲೇ ಮಾಡಿದ್ದೇನೆ.)

ಮಾನ್ಯರೇ,

ತಾವು ಕ್ಷೇಮವಾಗಿರುವಿರೆಂದೂ, ಅದಕ್ಕಿಂತ ಮುಖ್ಯವಾಗಿ ರಾತ್ರಿ ಗಾಢವಾಗಿ ನಿದ್ರಿಸುತ್ತಿರುವಿರೆಂದೂ ನಂಬಿದ್ದೇನೆ. ಈ ನಂಬಿಕೆಗೆ ಆಧಾರ ತಮ್ಮ ಧಾರಾವಾಹಿಯಲ್ಲೇ ಸಿಕ್ಕಿದೆ. ಅದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ. ತಮ್ಮ ವಿಳಾಸ ತಿಳಿಯದ ಕಾರಣ ಈ ಪತ್ರವನ್ನು ನಮ್ಮ ಕಡೆಯ ವಾರಪತ್ರಿಕೆಯೊಂದಕ್ಕೆ ಕಳಿಸುತ್ತಿದ್ದೇನೆ. ಆ ಪತ್ರಿಕೆ ದಿಲ್ಲಿಯಲ್ಲಿ ಸಿಗಲಿಕ್ಕಿಲ್ಲ, ಸಿಕ್ಕರೂ ತಮಗೆ ಕನ್ನಡ ಬರಲಿಕ್ಕಿಲ್ಲ ಎಂಬ ಸಣ್ಣಪುಟ್ಟ ಅಡಚಣೆಗಳು ನನ್ನ ಗಮನದಲ್ಲಿವೆ. ಆದರೆ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದೆಯೂ ಲೋಕ ಎಷ್ಟು ಸುಗಮವಾಗಿ ನಡೆಯುತ್ತದೆ ಎಂಬುದನ್ನು ನಮ್ಮ ಪಡಸಾಲೆಯಲ್ಲಿ ವಾರವಾರವೂ ಕಂಡವಳಾದ್ದರಿಂದ ಧೈರ್ಯ ಮಾಡಿದ್ದೇನೆ.

ಮೊದಲು ಸ್ತುತಿ. ನನ್ನ ಯಜಮಾನರಾದ ಹೊಳಬಸಪ್ಪನವರು ಸೀರೆ ವ್ಯಾಪಾರಕ್ಕೆಂದು ಸೊಲ್ಲಾಪುರಕ್ಕೆ ಹೋದವರು ಹೋದ ವರ್ಷ ಟೀವಿ ಹೊತ್ತುಕೊಂಡು ಬಂದರು. ಅಂದಿನಿಂದ ಬುಧವಾರವೆಂದರೆ ಓಣಿಗೆ ಓಣಿಯೇ ನಮ್ಮ ಮನೆಯಲ್ಲಿ. ಹುಡುಗರು ಮುಂದೆ, ಹೆಂಗಸರು ನಡುವೆ, ಗಂಡಸರು ಮಾತ್ರ ಹೊಳಬಸಪ್ಪ ಮನೆಯಲ್ಲಿದ್ದಾನೇನು ಎಂದು ಕೇಳಲು ಬಂದವರಂತೆ ಹೊಸ್ತಿಲಲ್ಲಿ ನಿಂತು, ಆತ ಎದುರಿಗೇ ಕೂತಿದ್ದರೂ ಕೊನೆಯ ತನಕ ಅದೇ ಪ್ರಶ್ನೆಯ ಮುಖ ಮಾಡಿಕೊಂಡು ನೋಡುತ್ತಾರೆ. ಇಷ್ಟು ಜನರನ್ನು ಅರ್ಧ ಗಂಟೆ ಒಟ್ಟಿಗೆ ನಗಿಸುವುದು ಸಾಮಾನ್ಯವಲ್ಲ.

ನಾನು ಬಾಗಲಕೋಟೆಯಲ್ಲಿ ಬಿ.ಎ. ಓದುವಾಗ ನಾಟಕಗಳ ಪಾತ್ರಪೋಷಣೆಯ ಬಗ್ಗೆ ಪುಟಗಟ್ಟಲೆ ಬರೆದು ಒಳ್ಳೆಯ ಅಂಕ ಪಡೆದವಳು. ಆದರೆ ಪಾತ್ರ ಎಂದರೇನೆಂದು ತಿಳಿದದ್ದು ತಮ್ಮ ಖುರಾನಾ ಸಾಹೇಬರನ್ನು ನೋಡಿದ ಮೇಲೆ. ರೈಲಿನ ಗಾರ್ಡಾಗಿ ನಿವೃತ್ತರಾಗಿ, ಮನೆಯನ್ನೂ ಸೀಟಿ ಊದಿಯೇ ನಡೆಸುವ ಮುದುಕ. ಊಟಕ್ಕೊಂದು ಸೀಟಿ, ಸ್ನಾನಕ್ಕೊಂದು ಸೀಟಿ. ಬೇರೆಯವರಾಗಿದ್ದರೆ ಆ ಸೀಟಿಯನ್ನೇ ಊದಿಸಿ ಊದಿಸಿ ನಮ್ಮ ಕಿವಿ ತೂತು ಮಾಡುತ್ತಿದ್ದರು. ತಾವು ಏನು ಮಾಡಿದಿರಿ? ಒಂದು ಬುಧವಾರ ಸೀಟಿಯನ್ನು ಕಳೆದುಹಾಕಿದಿರಿ. ಸಾಹೇಬರು ದಿನವಿಡೀ ಹುಡುಕಿದರು, ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸಂಜೆಯ ಹೊತ್ತಿಗೆ ಸೀಟಿ ಇಲ್ಲದೆಯೂ ಮನೆಯ ಕೆಲಸವೆಲ್ಲ ಹೊತ್ತಿಗೆ ಸರಿಯಾಗಿ ಆಗಿಹೋಗಿದ್ದನ್ನು ಕಂಡು ಅವರು ಸುಮ್ಮನೆ ಕುರ್ಚಿಯಲ್ಲಿ ಕೂತರಲ್ಲ, ಆಗ ಹೊಸ್ತಿಲ ಗಂಡಸರು ಪ್ರಶ್ನೆಯ ಮುಖವನ್ನು ಮರೆತು ಒಳಗೆ ಬಂದು ಕೂತರು. ಪಾತ್ರಕ್ಕೆ ಬರೀ ಒಂದು ಖೋಡಿಯನ್ನು, ಅಂದರೆ ವಿಚಿತ್ರ ಚಾಳಿಯನ್ನು, ಕೊಟ್ಟರೆ ನಗೆ ಬರುತ್ತದೆ, ಆ ಖೋಡಿಯೇ ಅವನನ್ನು ಎತ್ತಿಹಿಡಿದಿತ್ತು ಎಂದು ತೋರಿಸಿದರೆ ಮನುಷ್ಯ ಬರುತ್ತಾನೆ. ಇದನ್ನು ನನ್ನ ಪ್ರಾಧ್ಯಾಪಕರು ಮೂರು ವರ್ಷದಲ್ಲಿ ಹೇಳಿಕೊಟ್ಟಿರಲಿಲ್ಲ.

ಇನ್ನು ತಮ್ಮ ಬೀಜಿ, ಖುರಾನಾ ಸಾಹೇಬರ ಧರ್ಮಪತ್ನಿ. ಯಾವ ವಸ್ತುವನ್ನು ತಂದರೂ ಬೆಲೆ ಕೇಳಿ, ತಾನು ಹುಟ್ಟಿದ ಊರಲ್ಲಿ ಅದಕ್ಕಿಂತ ಸೋವಿಯೆಂದು ಹೇಳುವವರು. ನಮ್ಮ ಅತ್ತೆ ಗುರುಸಿದ್ದವ್ವನವರು ಬೀಜಿಯನ್ನು ನೋಡಿದ ಮೊದಲ ವಾರವೇ, "ಈಕಿ ನಮ್ಮಂಥಾಕಿ" ಎಂದು ತೀರ್ಪು ಕೊಟ್ಟು, ಟೀವಿಯ ಹತ್ತಿರಕ್ಕೆ ಚಾಪೆ ಎಳೆದುಕೊಂಡರು. ಅತ್ತೆಯವರು ಯಾರನ್ನೂ ಅಷ್ಟು ಸುಲಭಕ್ಕೆ ತಮ್ಮಂಥವರೆಂದು ಒಪ್ಪುವವರಲ್ಲ. ಇದು ತಮಗೆ ಸಿಕ್ಕ ಬಹುಮಾನವೆಂದು ತಿಳಿಯಬೇಕು.

ಈಗ ದೂರು. ತಮ್ಮ ಖುರಾನಾ ಮನೆಯಲ್ಲಿ ಸುಷ್ಮಾ ಎಂಬ ಸೊಸೆ ಇದ್ದಾಳೆ. ತಾವು ಮರೆತಿದ್ದರೆ ನೆನಪಿಸುತ್ತಿದ್ದೇನೆ. ಎಲ್ಲರಿಗೂ ಒಂದೊಂದು ಖೋಡಿ ಹಂಚಿದ ತಾವು ಆಕೆಗೆ ಕೊಟ್ಟಿರುವುದು ಒಂದು ಚಹಾದ ತಟ್ಟೆ ಮತ್ತು "ಚಾಯ್ ಲಾಊಂ?", ಅಂದರೆ ಚಹಾ ತರಲೇ, ಎಂಬ ಒಂದು ಪ್ರಶ್ನೆ. ಆಕೆಗೆ ಚುನ್ಮುನ್ ಎಂಬ ಕೂಸೂ ಇದೆ. ನನ್ನ ಮಗನದೇ ವಯಸ್ಸು. ಈ ಚುನ್ಮುನ್ ಇಲ್ಲಿಯವರೆಗೆ ಅತ್ತಿಲ್ಲ. ಮನೆಯಲ್ಲಿ ಸೀಟಿ ಊದುತ್ತದೆ, ಬಾಡಿಗೆಯವನು ಮೆಟ್ಟಿಲಿನಿಂದ ಉರುಳುತ್ತಾನೆ, ದೀಪಾವಳಿಯ ಪಟಾಕಿ ಸೋಫಾದ ಕೆಳಗೇ ಸಿಡಿಯುತ್ತದೆ, ಕೂಸು ಮಾತ್ರ ಮಲಗಿದೆ. ಕೂಸನ್ನು ಹೀಗೆ ಬರೆಯಬಲ್ಲವರು ಒಂದೋ ಮಕ್ಕಳಿಲ್ಲದವರಿರಬೇಕು, ಇಲ್ಲವೇ ಮಕ್ಕಳಿದ್ದೂ ಬೇರೆ ಕೋಣೆಯಲ್ಲಿ ಮಲಗುವವರಿರಬೇಕು. ತಮ್ಮ ನಿದ್ದೆಯ ಬಗ್ಗೆ ನನಗೆ ಖಾತ್ರಿಯಾದದ್ದು ಹೀಗೆ.

ಹೋದ ತಿಂಗಳು ಸುಷ್ಮಾ ಕೂಸನ್ನು ಎತ್ತಿ ಭುಜಕ್ಕೆ ಹಾಕಿಕೊಂಡಾಗ ಅದು ನಡುಮಧ್ಯದಲ್ಲಿ ಮಡಚಿಕೊಂಡಿತು. ಮಾನ್ಯರೇ, ಕೂಸು ಹಾಗೆ ಮಡಚಿಕೊಳ್ಳುವುದಿಲ್ಲ. ಹಾಗೆ ಮಡಚಿಕೊಳ್ಳುವುದು ತಲೆದಿಂಬು. ಆದರೆ ನಮ್ಮ ಮನೆಯಲ್ಲಿ ಇದನ್ನು ನಾನೊಬ್ಬಳೇ ಕಂಡೆ.

ತಮ್ಮ ತಲೆದಿಂಬಿನಿಂದ ನನ್ನ ಸಂಸಾರದಲ್ಲಿ ಏನಾಗಿದೆ ಎಂದು ವಿವರಿಸಲು ಅಪ್ಪಣೆಯಾಗಬೇಕು. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ, ಐದು ತಿಂಗಳಿಗೆ ತವರಿನವರು ತೊಟ್ಟಿಲು ಕೊಟ್ಟು ಕಳಿಸುವುದು ಪದ್ಧತಿ. ನಾನೂ ಹುನಗುಂದದಿಂದ ತೊಟ್ಟಿಲ ಸಮೇತ ಬಂದೆ. ಕೂಸು ಹಗಲು ಮಲಗುತ್ತದೆ, ಯಾಕೆಂದರೆ ಪಕ್ಕದ ಮಾಸುಮಬಿಯವರ ಮನೆಯಲ್ಲಿ ಕುಣಿಮಗ್ಗ ಟಕ್ ಟಕ್ ಎನ್ನುತ್ತಿರುತ್ತದೆ. ದೀಪ ಹಚ್ಚುವ ಹೊತ್ತಿಗೆ ಮಗ್ಗ ನಿಂತಿತೋ, ಇವನು ಎದ್ದ. ಆಮೇಲೆ ಬೆಳ್ಳಂಬೆಳಗ್ಗೆ ಮಗ್ಗ ಶುರುವಾಗುವ ತನಕ ಇವನೂ ನಾನೂ ಇಬ್ಬರೇ. ಹಸಿವೋ, ಹೊಟ್ಟೆನೋವೋ, ಕಿವಿಯೋ, ದೃಷ್ಟಿಯೋ? ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡಿ, ಆ ಬೆರಳಿನಿಂದಲೇ ಅವನನ್ನು ಎಬ್ಬಿಸಿದ್ದೂ ಉಂಟು. ದವಾಖಾನೆಯ ಡಾಕ್ಟರು ಕೂಸು ಗುಂಡುಕಲ್ಲಿನಂತಿದೆ, ತಾಯಿ ನಿದ್ದೆ ಮಾಡಲಿ ಎಂದು ಬರೆದುಕೊಟ್ಟರು. ಆ ಔಷಧ ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಬರೆಯಲಿಲ್ಲ.

ಇಂಥ ಹೊತ್ತಿನಲ್ಲಿ ತಮ್ಮ ಚುನ್ಮುನ್ ಬಂದ. ಅತ್ತೆಯವರು ಟೀವಿಯನ್ನೊಮ್ಮೆ ನನ್ನ ತೊಡೆಯನ್ನೊಮ್ಮೆ ನೋಡಿ, ದಿಲ್ಲಿಯ ಕೂಸು ಹೆಂಗ ಮಲಗೇತಿ ನೋಡು ಎನ್ನತೊಡಗಿದರು. ಬಳಿಕ ಹುನಗುಂದದ ತೊಟ್ಟಿಲ ಮೇಲೆ ಸಂಶಯ ಬಂತು. ಬಳಿಕ ನನ್ನ ಹಾಲಿನ ಮೇಲೆ. ಕಡೆಗೆ, ಕಾಲೇಜು ಕಲಿತವರಿಗೆ ಕೂಸು ಮಲಗಿಸುವ ಕೈಗುಣ ಇರುವುದಿಲ್ಲವೆಂದು ಓಣಿಯ ಹೆಂಗಸರೆಲ್ಲ ಕೂಡಿ ಒಪ್ಪಿಕೊಂಡರು. ಯಜಮಾನರನ್ನು ಕೇಳಿದರೆ ಅವರು ಸೊಲ್ಲಾಪುರಕ್ಕೆ ಹೊರಟಿದ್ದರು. ಹೀಗೆ ಒಂದು ತಲೆದಿಂಬಿನ ಎದುರು ನಾನು ಕೆಟ್ಟ ತಾಯಿಯೆಂದು ಸಾಬೀತಾಯಿತು. ನನಗೂ ಅದು ಖರೆಯೆಂದೇ ಅನಿಸತೊಡಗಿತ್ತು, ಅದು ಇನ್ನೂ ಕೆಟ್ಟದ್ದು.

ತಮ್ಮ ಧಾರಾವಾಹಿಯನ್ನು ತಿದ್ದುವ ಹೊಣೆ ನನ್ನ ಮೇಲೆ ಬಂದದ್ದು ಈ ಸಂದರ್ಭದಲ್ಲಿ. ನಮ್ಮ ಓಣಿಗೆ ಹಿಂದಿ ಬಾರದು. ಕಾಲೇಜಿನಲ್ಲಿ ಹಿಂದಿ ಓದಿದವಳೆಂದು ಅರ್ಥ ಹೇಳುವ ಕೆಲಸ ಮೊದಲಿನಿಂದ ನನ್ನದು. ಖುರಾನಾ ಸಾಹೇಬರ ಮಾತನ್ನು, ಬೀಜಿಯ ಮಾತನ್ನು ಅಕ್ಷರ ಬಿಡದೆ ಹೇಳುತ್ತಿದ್ದೆ. ಒಂದು ಬುಧವಾರ ಸುಷ್ಮಾ ಎಂದಿನಂತೆ ತಟ್ಟೆ ಹಿಡಿದು ಬಂದು ಚಹಾ ತರಲೇ ಎಂದಳು. ಏನಂದ್ಲು ಎಂದು ಓಣಿ ಕೇಳಿತು. ನನ್ನ ಬಾಯಿಂದ, ರಾತ್ರಿ ಕೂಸು ಕಣ್ಣು ಮುಚ್ಚಗೊಡಲಿಲ್ಲ ಅಂತಾಳ, ಎಂಬ ಮಾತು ಹೊರಟಿತು. ಪಡಸಾಲೆ ಒಮ್ಮೆಲೆ ಲೊಚಗುಟ್ಟಿತು. ಅಯ್ಯ ಪಾಪ ಎಂದರು. ನನಗೆ ಹೇಳದಿದ್ದ ಅಯ್ಯ ಪಾಪವನ್ನು ಆಕೆಗೆ ಹೇಳಿದರು. ಆದರೂ ನಾನು ಅದನ್ನು ಸಂಕೋಚವಿಲ್ಲದೆ ಸ್ವೀಕರಿಸಿದೆ.

ಅಲ್ಲಿಂದ ಮುಂದೆ ನಿಲ್ಲಿಸಲಾಗಲಿಲ್ಲ. ತಮ್ಮ ಸುಷ್ಮಾ ಈಗ ಇಳಕಲ್ಲಿನಲ್ಲಿ ತಮ್ಮ ಎಲ್ಲ ಪಾತ್ರಗಳಿಗಿಂತ ಜನಪ್ರಿಯಳು ಎಂದು ತಿಳಿಸಲು ಹೆಮ್ಮೆಯಾಗುತ್ತದೆ. ಆಕೆಗೊಂದು ಖೋಡಿಯನ್ನೂ ಕೊಟ್ಟಿದ್ದೇನೆ: ಎಲ್ಲಿ ನಿಂತರೆ ಅಲ್ಲೇ ತೂಕಡಿಸುತ್ತಾಳೆ, ಹಾಗಾಗಿ ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕುತ್ತಾಳೆ, ಖುರಾನಾ ಸಾಹೇಬರು ಗುಟುಕರಿಸಿ ಮುಖ ಹಿಂಡುವುದು ಅದಕ್ಕೇ. (ತಮ್ಮ ಕಥೆಯಲ್ಲಿ ಅವರಿಗೆ ಹಲ್ಲುನೋವಿತ್ತು. ಉಪ್ಪು ಹೆಚ್ಚು ಹೊಂದುತ್ತದೆ, ಪರಿಶೀಲಿಸಿರಿ.) ಒಂದೇ ಆತಂಕ ಮಾಸುಮಬಿಯವರದು. ಮಗ್ಗದ ಕಂಡಿಕೆಗೆ ನೂಲು ಸುತ್ತಿ ಕೈ ತೊಳೆದುಕೊಂಡು ಬಂದು ಮೂಲೆಯಲ್ಲಿ ಕೂರುವ ಇವರ ಮನೆಮಾತು ಉರ್ದು. ತಮ್ಮ ಹಾಸ್ಯಕ್ಕೆ ಅವರು ನಾನು ಅರ್ಥ ಹೇಳುವ ಮೊದಲೇ ನಗುತ್ತಾರೆ. ಸುಷ್ಮಾ ಬಂದಾಗ ಮಾತ್ರ ನಾನು ಹೇಳುವ ತನಕ ಕಾದು, ಆಮೇಲೆ ಎಲ್ಲರಿಗಿಂತ ಜೋರಾಗಿ ನಗುತ್ತಾರೆ. ಇದರ ಅರ್ಥವೇನೆಂದು ಕೇಳುವ ಧೈರ್ಯ ನನಗಾಗಿಲ್ಲ.

ಎರಡು ವಾರದ ಹಿಂದೆ ಬೀಜಿ ಸುಷ್ಮಾಗೆ ಬೈದರು. ವಿಷಯ ಈರುಳ್ಳಿಯ ದರ. ನಾನು, ಇವತ್ತ ಕೂಸು ನನ್ನ ಕಡೆ ಇರ್ಲಿ, ನೀ ಹೋಗಿ ಮಲ್ಕೊ ಅಂತಾರ ಬೀಜಿ, ಎಂದು ಅರ್ಥ ಹೇಳಿದೆ. ಓಣಿಯ ಹೆಂಗಸರು ಎಂಥಾ ಅತ್ತಿ ನೋಡ್ರಿ ಎಂದು ತಲೆದೂಗಿ, ಒಬ್ಬೊಬ್ಬರಾಗಿ ಗುರುಸಿದ್ದವ್ವನವರ ಕಡೆ ತಿರುಗಿದರು. ಅತ್ತೆಯವರು ಚಾಪೆಯನ್ನು ಟೀವಿಗೆ ಇನ್ನೂ ಹತ್ತಿರ ಎಳೆದುಕೊಂಡರು. ಆದರೆ ದಿಲ್ಲಿಯವಳೊಬ್ಬಳು ಇಳಕಲ್ಲಿನವರಿಗಿಂತ ಮೇಲೆನಿಸಿಕೊಂಡು ಹೋಗುವುದನ್ನು ಅವರು ಸಹಿಸುವವರಲ್ಲ. ಊಟವಾದ ಮೇಲೆ ಬಂದು ಕೂಸನ್ನು ಎತ್ತಿಕೊಂಡು ತಮ್ಮ ಕೋಣೆಗೆ ಹೋದರು. ಆ ರಾತ್ರಿ ನಾನು ಮಲಗಿದೆ. ಮಾನ್ಯರೇ, ನಿದ್ದೆಯಲ್ಲಿ ನಾನು ಕನಸು ಕಂಡೆ, ಕನಸಿನಲ್ಲೂ ಮಲಗಿದ್ದೆ. ಬೆಳಿಗ್ಗೆ ಅತ್ತೆಯವರು ಕೆಂಪು ಕಣ್ಣಿನಲ್ಲಿ ಬಂದು, ಕೂಸು ಭಾಳ ಶಾಣ್ಯಾ ಐತಿ ಎಂದಷ್ಟೇ ಹೇಳಿ ಒಲೆಯ ಮುಂದೆ ಕೂತಲ್ಲೇ ತೂಕಡಿಸಿದರು. ಅಂದಿನಿಂದ ಕೂಸು ಒಂದೊಂದು ರಾತ್ರಿ ಅವರ ಕೋಣೆಗೆ ಹೋಗುತ್ತದೆ; ಹುನಗುಂದದ ತೊಟ್ಟಿಲ ಮೇಲಿನ ಆರೋಪವೂ ಬಿದ್ದುಹೋಗಿದೆ, ನನ್ನ ಹಾಲಿನ ಮೇಲಿನದೂ.

ಇಷ್ಟು ಸುಖದಲ್ಲಿರುವಾಗ ಬಾದಾಮಿಯಿಂದ ಸುದ್ದಿ ಬಂದಿದೆ. ಅತ್ತೆಯವರ ತಮ್ಮ ಅಂದಾನಪ್ಪನವರು ಬರುವ ಬುಧವಾರ ನಮ್ಮ ಮನೆಗೆ ಬರುವವರಿದ್ದಾರೆ. ಅವರು ಸಾಲೆಯಲ್ಲಿ ಹಿಂದಿ ಮಾಸ್ತರರು. ತಮ್ಮ ಹಿಂದಿಯನ್ನು ಯಾರಾದರೂ ಕೇಳಲಿ ಎಂದು ವರ್ಷಗಳಿಂದ ಕಾದಿರುವವರು. ಅವರು ಬಾಯಿ ತೆರೆದರೆ ಸುಷ್ಮಾ ಮತ್ತೆ ಚಹಾದ ತಟ್ಟೆಗೆ ಇಳಿಯುತ್ತಾಳೆ, ಬೀಜಿ ಈರುಳ್ಳಿಗೆ ಇಳಿಯುತ್ತಾರೆ, ಕೂಸು ನನ್ನ ತೊಡೆಗೆ ಇಳಿಯುತ್ತದೆ, ಮೇಲಾಗಿ ನಾನು ಕೆಟ್ಟ ತಾಯಿಯ ಜೊತೆಗೆ ಸುಳ್ಳುಗಾತಿಯೂ ಆಗುತ್ತೇನೆ.

ಆದಕಾರಣ ಸವಿನಯ ಪ್ರಾರ್ಥನೆ. ಬುಧವಾರದೊಳಗೆ ತಾವು ನನ್ನ ಅನುವಾದಕ್ಕೆ ಸರಿಯಾದ ಮೂಲವನ್ನು ಬರೆದುಕೊಡಬೇಕು. ಸುಷ್ಮಾ ನಿದ್ದೆಗೆಟ್ಟೆನೆಂದು ಹಿಂದಿಯಲ್ಲೇ ಹೇಳಲಿ. ಆಕೆಯ ಭುಜದ ಮೇಲೆ ಕೂಸು ಕಕ್ಕಿದ ಹಾಲಿನ ಕಲೆ ಇರಲಿ; ಇಸ್ತ್ರಿಯ ಸೀರೆ ಉಟ್ಟ ಬಾಣಂತಿಯನ್ನು ನಾವು ನಂಬಿದ್ದು ಸಾಕು. ತಲೆದಿಂಬನ್ನು ಗೌರವದಿಂದ ಸೇವೆಯಿಂದ ಬಿಡುಗಡೆ ಮಾಡಿ, ನಿಜವಾದ ಕೂಸೊಂದನ್ನು ನೇಮಿಸಿಕೊಳ್ಳಿ. ಸಿಗದಿದ್ದರೆ ನನ್ನದನ್ನೇ ಒಂದು ವಾರದ ಮಟ್ಟಿಗೆ ಕಳಿಸಿಕೊಡುತ್ತೇನೆ; ದೀಪ ಹಚ್ಚಿದ ಮೇಲೆ ಚಿತ್ರೀಕರಣ ಇಟ್ಟುಕೊಂಡರೆ ಅಳುವಿಗೆ ಕೊರತೆಯಾಗದೆಂದು ಲಿಖಿತ ಭರವಸೆ ಕೊಡುತ್ತೇನೆ. ಅದೂ ಆಗದಿದ್ದರೆ ಆ ದಿನ ನಮ್ಮ ತಾಲೂಕಿನ ಮಟ್ಟಿಗೆ ಧ್ವನಿಯನ್ನಾದರೂ ನಿಲ್ಲಿಸಿರಿ. ನಗೆಗೆ ತೊಂದರೆಯಾಗದಂತೆ ಇಲ್ಲಿ ನೋಡಿಕೊಳ್ಳುತ್ತೇವೆ.

ಉತ್ತರದ ದಾರಿ ಕಾಯುತ್ತ, ಹೇಗೂ ಎಚ್ಚರವಿರುವ,

ತಮ್ಮ ವಿಶ್ವಾಸಿ,
ಸೌ. ಶಿವಬಸವ್ವ, ಬಿ.ಎ.
ಇಳಕಲ್ಲ

ತಾ.ಕ.: ಪತ್ರ ಅಂಚೆಗೆ ಬೀಳುವ ಮೊದಲೇ ಬುಧವಾರ ಬಂದುಹೋಯಿತು. ತಾವು ಏನನ್ನೂ ಬದಲಿಸಿರಲಿಲ್ಲ. ಸುಷ್ಮಾ ತಟ್ಟೆ ಹಿಡಿದು ಬಂದಳು, ನಾನು ಬಾಯಿ ತೆರೆಯುವುದರೊಳಗೆ ಅಂದಾನಪ್ಪನವರು ಗಂಟಲು ಸರಿಮಾಡಿಕೊಂಡು, ಚಹಾ ತರಲೇನು ಎಂದು ಕೇಳುತ್ತಾಳೆ ಎಂದು ಸಾಲೆಯ ಕನ್ನಡದಲ್ಲಿ ಘೋಷಿಸಿದರು. ಪಡಸಾಲೆ ನನ್ನನ್ನು ನೋಡಿತು. ಅವರು ಇನ್ನೂ ಖಾತ್ರಿಯಾಗಲೆಂದು ಮೂಲೆಗೆ ತಿರುಗಿ, ನಿಮ್ಮ ಮನೆಮಾತು ಉರ್ದು ಅಲ್ಲವೇ, ನೀವೇ ಹೇಳಿರಿ ಎಂದು ಮಾಸುಮಬಿಯವರನ್ನು ಸಾಕ್ಷಿಗೆ ಕರೆದರು. ಮಾಸುಮಬಿಯವರು ಸೆರಗು ಸರಿಮಾಡಿಕೊಂಡು, "ಬಾಯಿಲೆ ಚಾ ಅಂದಾಳ ಖರೆ ಮಾಸ್ತರ. ಮಾರಿ ನೋಡ್ರಿ ಆಕೀದು. ಮಾರಿಲೆ ಈ ಮನಿ ಸೊಸಿ ಹೇಳಿದ್ದನ್ನ ಅನ್ನಾಕತ್ತಾಳ" ಎಂದರು.

ಮಾಸ್ತರರು ಏನೋ ಹೇಳಹೊರಟರು. ಅಷ್ಟರಲ್ಲಿ ಬೀಜಿ ಬಂದು ಸುಷ್ಮಾಗೆ ಒಂದೇ ಉಸಿರಿನಲ್ಲಿ ಉದ್ದಕ್ಕೆ ಬೈದರು. ಯಾರೂ ಅರ್ಥ ಕೇಳುವ ಧೈರ್ಯ ಮಾಡಲಿಲ್ಲ. ಆಗ ಹಿಂದಿಯ ಒಂದಕ್ಷರವೂ ಬಾರದ ನಮ್ಮ ಅತ್ತೆಯವರು, ತೊಡೆಯ ಮೇಲಿದ್ದ ಕೂಸನ್ನು ಎಡದಿಂದ ಬಲಕ್ಕೆ ಬದಲಿಸಿಕೊಂಡು, ಟೀವಿಯಿಂದ ಕಣ್ಣು ತೆಗೆಯದೆ ತಮ್ಮನಿಗೆ ಹೇಳಿದರು: "ನೀ ಸುಮ್ಮ ಕೂಡೋ ಅಂದಾನಪ್ಪಾ. ಆ ಬೀಜಿ ಏನಂತಾಳ ನನಗ ಗೊತ್ತೈತಿ. ಕೂಸಿಗೆ ಹಲ್ಲು ಬರೂತನಕ ರಾತ್ರಿ ನನ್ನ ಕಡೆ ಇರ್ಲಿ ಅಂತಾಳ."

ಆದ್ದರಿಂದ ಮೇಲಿನ ಪ್ರಾರ್ಥನೆಗಳನ್ನೆಲ್ಲ ಹಿಂತೆಗೆದುಕೊಂಡಿದ್ದೇನೆ. ಸುಷ್ಮಾಳಿಗೆ ಸಂಭಾಷಣೆ ಬರೆಯುವ ಶ್ರಮವನ್ನು ತಾವು ಇನ್ನು ಮುಂದೆಯೂ ತೆಗೆದುಕೊಳ್ಳಬಾರದು. ಇಲ್ಲಿ ಆಕೆಗೆ ಲೇಖಕಿಯರು ಮೂವರಾಗಿದ್ದೇವೆ.