ಅಟ್ಟದ ಮೇಲಿನ ಹರಳು

ಮನುಷ್ಯನ ಕೈಗೆ ಸುಮ್ಮನಿರುವುದನ್ನು ಕಲಿಸುವ ಶಾಲೆ ಇನ್ನೂ ಎಲ್ಲೂ ತೆರೆದಿಲ್ಲ. ಬಾಯಿಗಾದರೆ ಬೀಗ ಹಾಕಬಹುದು. ನನ್ನ ಹೆಂಡತಿ ರತ್ನಮ್ಮ ಎಷ್ಟೋ ಸಲ ಹಾಕಿದ್ದಾಳೆ. ಕೈಯ ವಿಷಯ ಹಾಗಲ್ಲ. ಅದರಲ್ಲೂ ತೆಂಗಿನಕಾಯಿ ವ್ಯಾಪಾರದವನ ಕೈ. ಹಿರಿಯೂರಿನಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಶುರುಮಾಡಿ ಇವತ್ತು ಸ್ವಂತ ಮಂಡಿಯಲ್ಲಿ ಕೂತಿರುವ ನಾನು, ಕಾಯಿಯನ್ನು ಕಣ್ಣಿನಿಂದ ನೋಡಿ ಕೊಂಡವನೇ ಅಲ್ಲ. ಎತ್ತಬೇಕು, ಕಿವಿಯ ಹತ್ತಿರ ತರಬೇಕು, ಅಲ್ಲಾಡಿಸಬೇಕು. ನೀರು ತುಂಬಿದ ಕಾಯಿ ಮಾತೇ ಆಡುವುದಿಲ್ಲ. ಬಲಿತದ್ದು ಲೊಟಲೊಟ ಅನ್ನುತ್ತದೆ. ಅಟ್ಟದ ಮೇಲೆ ವರ್ಷದ ಹತ್ತಿರ ಕೂತು, ಒಳಗೇ ಒಣಗಿ, ಚಿಪ್ಪು ಬಿಟ್ಟ ಉಂಡೆ ಕೊಬ್ಬರಿ ಗಡಗಡ ಅನ್ನುತ್ತದೆ. ನೀವೂ ಇನ್ನು ಮುಂದೆ ಹಾಗೇ ಮಾಡಿ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ. ಈ ಬುದ್ಧಿವಾದಕ್ಕೆ ನಾನೇನೂ ತೆಗೆದುಕೊಳ್ಳುವುದಿಲ್ಲ.

ಆದರೆ ಈ ಅಭ್ಯಾಸ ಕಾಯಿಗೆ ಮಾತ್ರ ನಿಲ್ಲದೆ ಹೋದದ್ದು ನನ್ನ ಕರ್ಮ. ಗ್ಯಾಸ್ ಸಿಲಿಂಡರ್ ಬಂದರೆ ಅಲ್ಲಾಡಿಸುತ್ತೇನೆ. ಔಷಧಿ ಬಾಟಲಿಯ ಮೇಲೆ ಬರೆದಿರಲಿ ಬಿಡಲಿ, ಅಲ್ಲಾಡಿಸುತ್ತೇನೆ. ಮಗನಿಗೆ ಹೆಣ್ಣು ನೋಡಲು ಹೊಸದುರ್ಗ ತಾಲ್ಲೂಕಿನ ಬಾಗೂರಿಗೆ ಹೋದಾಗ, ಎದುರಿಗಿಟ್ಟ ಹಣ್ಣುಕಾಯಿ ತಟ್ಟೆಯಿಂದ ಕಾಯಿ ಎತ್ತಿ ಕಿವಿಗೆ ಹಿಡಿದು, "ಬೀಗ್ರೇ, ಇದು ಒಳಗೆ ಕೆಟ್ಟೈತೆ" ಎಂದುಬಿಟ್ಟೆ. ರತ್ನಮ್ಮ ನನ್ನ ತೊಡೆ ಚಿವುಟಿದಳು. ಆಗ ಕಾಫಿ ಹಿಡಿದು ಬಂದಿದ್ದ ಹುಡುಗಿ, "ಒಡೆದೇ ನೋಡಾಣ" ಎಂದು ಒಳಗಿಂದ ಮಚ್ಚು ತಂದಳು. ಒಡೆದರೆ ಕೆಟ್ಟೇ ಇತ್ತು. ಹುಡುಗಿ ಜೋರಾಗಿ ನಕ್ಕಳು. ಪರೀಕ್ಷೆ ಮಾಡಿ ನೋಡಿ ನಂಬುವ ಹೆಣ್ಣು! ಮಗನನ್ನು ಕೇಳದೆ ಅಲ್ಲೇ ಒಪ್ಪಿಕೊಂಡೆ. ಅವಳೇ ನನ್ನ ಸೊಸೆ ಚೈತ್ರ.

ಮಗ ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಮೇಷ್ಟ್ರು. ಸೊಸೆ ದಿನವೂ ಹೈವೇ ಬಸ್ಸು ಹಿಡಿದು ಚಿತ್ರದುರ್ಗಕ್ಕೆ ಹೋಗಿ ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಾಳೆ. ಏನು ಸಂಶೋಧನೆ ಎಂದು ಕೇಳಿದರೆ ಮೊದಮೊದಲು "ಅದೆಲ್ಲ ಉದ್ದದ ಮಾತು ಮಾವ" ಎನ್ನುತ್ತಿದ್ದಳು. ನಾನು ಬಿಡುವ ಗಿರಾಕಿಯಲ್ಲ. ಒಂದು ಭಾನುವಾರ ಮಂಡಿಯಲ್ಲಿ ಕೂರಿಸಿಕೊಂಡು ಕೇಳಿದೆ. ನಡುವೆ ಪೆಲೇಡಿಯಂ ಎಂಬ ಲೋಹ. ಸುತ್ತ ಅದನ್ನು ತಬ್ಬಿಕೊಂಡ ಇಂಗಾಲದ ತೋಳುಗಳು. ಹೀಗೆ ಲೋಹವೂ ಇಂಗಾಲವೂ ಕೈ ಹಿಡಿದ ವಸ್ತುವನ್ನು ಇವಳು ತಯಾರಿಸುತ್ತಾಳೆ. ತಾವಾಗಿ ಸೇರಲೊಲ್ಲದ ಎರಡು ಪದಾರ್ಥಗಳ ನಡುವೆ ಇದನ್ನು ಚಿಟಿಕೆಯಷ್ಟು ಬಿಟ್ಟರೆ ಅವು ಬೇಗ ಸೇರಿಕೊಳ್ಳುತ್ತವೆ. ಇದು ಮಾತ್ರ ಹೇಗಿತ್ತೋ ಹಾಗೇ ಹೊರಗೆ ಬರುತ್ತದೆ. ಕ್ರಿಯಾವರ್ಧಕ ಅನ್ನುತ್ತಾರಂತೆ.

"ದಲ್ಲಾಳಿ ಅನ್ನು ಮತ್ತೆ!" ಎಂದೆ. "ಕಮಿಷನ್ ಎಷ್ಟು ತಗಂತೈತೆ?"

"ಏನೂ ತಗಳಲ್ಲ ಮಾವ."

"ಏನೂ ತಗಳ್ದೇ ಎರಡು ಪಾರ್ಟಿ ಸೇರ್ಸೋನು ನಮ್ ತಾಲ್ಲೂಕಲ್ಲಿ ಇನ್ನೂ ಹುಟ್ಟಿಲ್ಲ ಕಣಮ್ಮ. ಸರಿಯಾಗಿ ನೋಡು, ಎಲ್ಲೋ ಒಳಗೊಳಗೇ ಮುರ್ಕಂತಿರ್ತೈತೆ."

ಅವಳು ನಕ್ಕಳು. ಅವಳ ಪಾಠಕ್ಕೆ ಬದಲಾಗಿ ನನ್ನದೊಂದು ಪಾಠ ಹೇಳಿಕೊಟ್ಟೆ. ಮಂಡಿಯ ಬಾಗಿಲಲ್ಲಿ ಒಂದು ಗುಡ್ಡೆ ಕಾಯಿ ಯಾವಾಗಲೂ ಸುರಿದಿರುತ್ತದೆ. ಅದು ಮಾರುವುದಕ್ಕಲ್ಲ, ಬಂದವರು ಕೈಯಾಡಿಸುವುದಕ್ಕೆ. ಒಳ್ಳೆಯ ಮಾಲು ಒಳಗೆ ತಣ್ಣಗೆ ಕೂತಿರುತ್ತದೆ. "ಮುಟ್ಟೋ ಚಟದೋನಿಗೆ ಮುಟ್ಟಾಕೆ ಏನಾರ ಕೊಟ್ಟಿರಬೇಕು. ಇಲ್ದಿದ್ರೆ ಒಳಗಿನದಕ್ಕೇ ಕೈ ಹಾಕ್ತಾನೆ" ಎಂದೆ. ಸೊಸೆ ತಲೆದೂಗಿದಳು. ಆ ತಲೆದೂಗುವಿಕೆಯನ್ನು ನಾನು ಇನ್ನೊಂದು ಸ್ವಲ್ಪ ಗಮನಿಸಬೇಕಾಗಿತ್ತು.

ತೊಂದರೆ ಶುರುವಾದದ್ದು ಕಳೆದ ಚಳಿಗಾಲದಲ್ಲಿ. ಅವಳು ತಿಂಗಳುಗಟ್ಟಲೆ ಹೆಣಗಿ ತಯಾರಿಸಿದ ವಸ್ತು ಇರುವುದೇ ಒಂದು ಚಮಚದ ಕಾಲು ಭಾಗ. ಅದರೊಳಗೆ ಲೋಹ ಎಲ್ಲಿದೆ, ತೋಳು ಎಲ್ಲಿದೆ ಎಂದು ಸಾಬೀತುಮಾಡಲು ಒಂದು ಒಳ್ಳೆಯ ಹರಳು ಬೇಕು. ಹರಳನ್ನು ಬೆಂಗಳೂರಿಗೆ ಒಯ್ದು ಎಕ್ಸ್‌ರೇ ಯಂತ್ರಕ್ಕೆ ಕೊಟ್ಟರೆ ಒಳಗಿನ ಚಿತ್ರ ಬರುತ್ತದೆ. ಚಿತ್ರ ಬಂದರೆ ಪ್ರಬಂಧ. ಇಲ್ಲದಿದ್ದರೆ ಇಷ್ಟು ವರ್ಷದ ಬಸ್ ಪ್ರಯಾಣ ನೀರಿಗೆ. ದ್ರಾವಣವನ್ನು ಪುಟ್ಟ ಗಾಜಿನ ಸೀಸೆಯಲ್ಲಿಟ್ಟು, ಮುಚ್ಚಳದಲ್ಲಿ ಸೂಜಿಯಷ್ಟು ತೂತು ಮಾಡಿ, ನಿಧಾನವಾಗಿ ಆರಲು ಬಿಡಬೇಕು. ಆಗ ಅಣುಗಳು ಮದುವೆಯ ಪಂಕ್ತಿಯಲ್ಲಿ ಕೂತಂತೆ ಒಂದರ ಪಕ್ಕ ಒಂದು ಕೂರುತ್ತವಂತೆ. ಯಾರಾದರೂ ನೂಕಿದರೆ ಪಂಕ್ತಿ ಎದ್ದು ಗಲಾಟೆ, ಬರೀ ಪುಡಿ. ಅವಳ ಪ್ರಯೋಗಾಲಯದ ಗೋಡೆಯಾಚೆ ಹೊಸ ಕಟ್ಟಡದ ಕೆಲಸ, ದಿನವಿಡೀ ಡ್ರಿಲ್ಲಿಂಗ್. ಮೂರು ಸಲ ಇಟ್ಟಳು, ಮೂರು ಸಲವೂ ಪುಡಿ. "ಈ ಸೋಮವಾರ ಬಿಟ್ಟು ಮುಂದಿನ ಸೋಮವಾರ ಬೆಂಗ್ಳೂರಲ್ಲಿ ಯಂತ್ರ ಸಿಗ್ತೈತೆ ಮಾವ. ಅದು ತಪ್ಪಿದ್ರೆ ಇನ್ನು ಯಾವಾಗ್ಲೋ" ಎಂದು ಊಟದ ತಟ್ಟೆಯ ಮುಂದೆ ಕಣ್ಣೊರೆಸಿಕೊಂಡಳು.

ಸಲಹೆ ಕೊಡುವ ಅವಕಾಶ ಕಂಡರೆ ನಾನು ಅನ್ನ ಬಿಟ್ಟೇನು, ಸಲಹೆ ಬಿಡಲಾರೆ. "ನಮ್ಮ ಅಟ್ಟ ಐತಲ್ಲ! ಕಾಯಿ ಅಲ್ಲಿ ಹನ್ನೊಂದು ತಿಂಗಳು ಕುಂತು ಕೊಬ್ಬರಿ ಆಗ್ತಾವೆ. ಅದಕ್ಕಿಂತ ತಣ್ಣಗಿರೋ ಜಾಗ ಯಾವ ಯೂನಿವರ್ಸಿಟೀಲೈತೆ?"

ಚೈತ್ರ ನನ್ನ ಕೈಗಳನ್ನೇ ಸ್ವಲ್ಪ ಹೊತ್ತು ನೋಡಿದಳು. "ಆಗ್ಲಿ ಮಾವ" ಎಂದಳು.

ಮರುದಿನವೇ ಹತ್ತಿ ತುಂಬಿದ ಡಬ್ಬಿಯೊಂದು ಅಟ್ಟ ಏರಿತು. ಅದರಲ್ಲಿ ಕಿತ್ತಳೆ ಬಣ್ಣದ ದ್ರಾವಣದ ಒಂದು ಸೀಸೆ. "ದಿನಕ್ಕೊಂದು ಸಲ ದೂರದಿಂದ ನೋಡ್ರಿ. ಕೈ ಮಾತ್ರ ಹಚ್ಚಬ್ಯಾಡ್ರಿ" ಎಂದು ಕಟ್ಟಪ್ಪಣೆ.

ಮೊದಲ ದಿನ ಒಂದು ಸಲ ಹತ್ತಿದೆ. ಎರಡನೆಯ ದಿನ ನಾಲ್ಕು ಸಲ. ಮಂಡಿಯಲ್ಲಿ ಕೂತರೆ ಮನಸ್ಸೆಲ್ಲ ಅಟ್ಟದಲ್ಲಿ. ಹೆದ್ದಾರಿಯಲ್ಲಿ ಲಾರಿ ಹಾರ್ನ್ ಹೊಡೆದರೆ ಸೀಸೆ ನಡುಗಿತೇನೋ ಎಂದು ಮನೆಗೆ ಓಡುವುದು. ಇಲಿ ಬಂದೀತೆಂದು ಬೋನಿಟ್ಟೆ. ಬೋನಿನ ಸದ್ದಿಗೆ ಪಂಕ್ತಿ ಎದ್ದೀತೆಂದು ಬೋನು ತೆಗೆದೆ. ನಾಲ್ಕನೆಯ ದಿನ ನೋಡಿದರೆ ತೊಲೆಯ ಮೇಲಿಂದ ಇರುವೆಯ ಸಾಲು ನೇರವಾಗಿ ಸೀಸೆಗೆ ನಡೆದಿತ್ತು. ಗಾಬರಿಯಿಂದ ಸುತ್ತ ಅರಿಸಿನದ ಗೆರೆ ಎಳೆದೆ. ಕೆಮಿಕಲ್‌ನ ಘಾಟಿಗೆ ಬಂದಿರಬೇಕು ಎಂದುಕೊಂಡೆ. ಆರನೆಯ ದಿನ ಸೀಸೆಯ ತಳದಲ್ಲಿ ಸಾಸಿವೆಯಷ್ಟು ದೊಡ್ಡ ನಾಲ್ಕಾರು ಹೊಳೆಯುವ ಕಾಳು! ಪಂಕ್ತಿ ಕೂತಿತ್ತು. ಕೆಳಗಿಳಿದು ರತ್ನಮ್ಮನಿಗೆ ಹೇಳಿದರೆ ಅವಳು ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಹೋದಳು. ಸಂತೋಷಕ್ಕೆ ಅತ್ತಳು ಎಂದು ತಿಳಿದೆ.

ಎಂಟನೆಯ ದಿನ, ಗುರುವಾರ ಮಧ್ಯಾಹ್ನ. ಅಟ್ಟದಲ್ಲಿ ಕೊಬ್ಬರಿಯ ಕಾಯಿಗಳನ್ನು ಒಂದೊಂದಾಗಿ ಎತ್ತಿ, ಅಲ್ಲಾಡಿಸಿ, ಬೇರೆ ಮಾಡುತ್ತಿದ್ದೆ. ಗಡಗಡ ಅಂದದ್ದು ಬಲಕ್ಕೆ, ಅನ್ನದ್ದು ಎಡಕ್ಕೆ. ಕೈ ತನ್ನ ಪಾಡಿಗೆ ತಾನು ನಡೆದಿತ್ತು. ಬಲಕ್ಕೆ, ಎಡಕ್ಕೆ, ಬಲಕ್ಕೆ. ಆಮೇಲೆ ಕಿವಿಯಲ್ಲಿ ಸಣ್ಣಗೆ ಕಿಣಿಕಿಣಿ ಎಂಬ ಶಬ್ದ. ಇದ್ಯಾವ ಕಾಯಪ್ಪ ಎಂದು ನೋಡಿದರೆ ಕೈಯಲ್ಲಿ ಸೀಸೆ! ಕಾಳುಗಳೆಲ್ಲ ಬುಡಮೇಲಾಗಿ ಸುಂಟರಗಾಳಿಯಂತೆ ತಿರುಗುತ್ತಿದ್ದವು. ತೂತಿನಿಂದ ಎರಡು ಹನಿ ನನ್ನ ಕಿವಿಯ ಮೇಲೆ ಬಿದ್ದವು. ಮುಟ್ಟಿದರೆ ಅಂಟಂಟು. ಕಿವಿ ಉದುರಿಹೋದೀತೆಂದು ಮೂರು ಸಲ ಸೋಪು ಹಚ್ಚಿ ತೊಳೆದೆ. ಉದುರಿದ್ದರೆ ಚೆನ್ನಾಗಿತ್ತು, ಮುಂದೆ ಅಲ್ಲಾಡಿಸುವುದಾದರೂ ತಪ್ಪುತ್ತಿತ್ತು.

ಸೀಸೆ ಮೊದಲಿದ್ದಂತೆಯೇ ಇಟ್ಟು ಕೆಳಗಿಳಿದೆ. ಮುಂದಿನ ಎರಡು ದಿನ ನನಗೆ ಅನ್ನ ರುಚಿಸಲಿಲ್ಲ. ಹೇಳಿದರೆ ಮಗುವಿನಂಥ ಸೊಸೆಯ ಎದೆ ಒಡೆಯುತ್ತದೆ. ಹೇಳದಿದ್ದರೆ ಪುಡಿ ಹಿಡಿದು ಬೆಂಗಳೂರಿಗೆ ಹೋಗಿ ನಾಲ್ಕು ಜನರ ಮುಂದೆ ಅವಮಾನ. ಶನಿವಾರ ಮಂಡಿಗೆ ಬಂದ ಹಳೆಯ ಗಿರಾಕಿ ರಂಗಪ್ಪ, ನಾನು ಕಾಯಿಯನ್ನು ಮುಟ್ಟದೆ ಹಾಗೇ ಎಣಿಸಿಕೊಳ್ಳುವುದನ್ನು ಕಂಡು ಹತ್ತಿರ ಬಂದ. "ಏನ್ರೀ ಸಾವ್ಕಾರ್ರೇ, ಅಲ್ಲಾಡ್ಸ್‌ದೇ ತಗಂತಾ ಇದೀರಿ? ಮೈಗೆ ಹುಷಾರಿಲ್ವೇ? ಆಸ್ಪತ್ರೆಗೆ ಹೋಗಾಣ ನಡೀರಿ."

ಭಾನುವಾರ ಬೆಳಿಗ್ಗೆ ತಡೆಯಲಾಗಲಿಲ್ಲ. ಚೈತ್ರ ಕಾಫಿ ಕುಡಿಯುತ್ತಿದ್ದಳು. ಎದುರಿಗೆ ನಿಂತು, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, "ತಾಯಿ, ನಾನು ಅದನ್ನ ಅಲ್ಲಾಡಿಸಿಬಿಟ್ಟೆ" ಎಂದೆ.

"ಯಾವತ್ತು ಮಾವ?"

"ಗುರುವಾರ."

ಅವಳು ಅಡುಗೆಮನೆಯತ್ತ ತಿರುಗಿ ಕೂಗಿದಳು: "ಅತ್ತೇ, ನೀವು ಸೋತ್ರಿ! ಎಂಟು ದಿನ ತಡಕಂಡವ್ರೆ!"

"ಎಂಟಾ?" ರತ್ನಮ್ಮ ಸೌಟು ಹಿಡಿದೇ ಬಂದಳು. "ನಾನು ಮೂರೇ ದಿನ ಅಂದಿದ್ದೆ. ಪರವಾಗಿಲ್ಲ ಕಣ್ರೀ ನೀವು!"

ಆಮೇಲೆ ತಿಳಿದದ್ದು: ಸೀಸೆಯಲ್ಲಿದ್ದದ್ದು ರತ್ನಮ್ಮ ಕಾಸಿಕೊಟ್ಟ ಟೀ ಡಿಕಾಕ್ಷನ್ನು ಮತ್ತು ಸಕ್ಕರೆ ಪಾಕ. ಕಾಳುಗಳು ಕಲ್ಲುಸಕ್ಕರೆ. ನಿಜವಾದ ಸೀಸೆ ಉಗ್ರಾಣದಲ್ಲಿ, ನನ್ನ ಹಳೆಯ ತಕ್ಕಡಿಯ ಮರದ ಪೆಟ್ಟಿಗೆಯೊಳಗೆ. ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೆ ಈ ಮನೆಯಲ್ಲಿ ನಾನು ಕೈ ಹಚ್ಚದ ವಸ್ತು ಅದೊಂದೇ ಎಂದು ಅತ್ತೆ ಸೊಸೆ ಸೇರಿ ಕಂಡುಹಿಡಿದಿದ್ದರು. ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಚೈತ್ರ ಮುಚ್ಚಳ ಎತ್ತಿದಳು. ಎಳ್ಳುಕಾಳಿನಷ್ಟು ಹರಳು. ನಾಲ್ಕು ಮೂಲೆ ಹಿಡಿದು ಕತ್ತರಿಸಿದಂತೆ, ಬೆಳಕಿಗೆ ಜೇನಿನಂತೆ ಹೊಳೆಯಿತು. ನಾನು ಕೈಯನ್ನು ಬೆನ್ನ ಹಿಂದಿನಿಂದ ತೆಗೆಯಲಿಲ್ಲ.

"ಬ್ಯಾಸರ ಮಾಡ್ಕಬ್ಯಾಡ್ರಿ ಮಾವ," ಎಂದಳು. "ಮುಟ್ಟೋ ಚಟದೋರಿಗೆ ಮುಟ್ಟಾಕೆ ಏನಾರ ಕೊಡಬೇಕು ಅಂತ ನೀವೇ ಹೇಳಿದ್ದು."

ಸೋಮವಾರ ಹರಳು ಬಸ್ಸಿನಲ್ಲಿ ಅವಳ ಮಡಿಲಲ್ಲಿ ಬೆಂಗಳೂರಿಗೆ ಹೋಯಿತು. ಜೊತೆಗೆ ಬರುತ್ತೇನೆಂದೆ; ಅತ್ತೆ ಸೊಸೆ ಇಬ್ಬರೂ ಒಂದೇ ದನಿಯಲ್ಲಿ ಬೇಡವೆಂದರು. ಚಿತ್ರ ಚೆನ್ನಾಗಿ ಬಂತಂತೆ. ಲೋಹ ನಡುವೆಯೇ ಇದೆ, ತೋಳುಗಳೂ ಜಾಗದಲ್ಲೇ ಇವೆ.

ಅಟ್ಟದ ಸೀಸೆಯನ್ನು ಎಸೆಯಲು ಮನಸ್ಸಾಗದೆ ಮಂಡಿಗೆ ತಂದು ಮೇಜಿನ ಮೇಲಿಟ್ಟಿದ್ದೇನೆ. ಬಂದವರೆಲ್ಲ ಅದನ್ನೆತ್ತಿ ಕಿವಿಗೆ ಹಿಡಿಯುತ್ತಾರೆ. "ಮುಟ್ಟಬ್ಯಾಡ್ರೀ, ರಿಸರ್ಚ್ ಅದು" ಎಂದು ಗದರುತ್ತೇನೆ. ಇಷ್ಟು ವರ್ಷ ಗಿರಾಕಿಗಳನ್ನು ಬಾಗಿಲ ಗುಡ್ಡೆಯ ಹತ್ತಿರವೇ ನಿಲ್ಲಿಸಿದ ನಾನು, ಎಂಟು ದಿನ ಅದೇ ಗುಡ್ಡೆಯ ಮುಂದೆ ನಿಂತಿದ್ದೆ; ಆ ಮಾಲು ಸಿಹಿ ಎಂದು ಇರುವೆಗೆ ನಾಲ್ಕೇ ದಿನದಲ್ಲಿ ತಿಳಿದಿತ್ತು. ಈಗ ನನಗೂ ತಿಳಿದಿದೆ. ಆದರೂ ಮಂಡಿಯಲ್ಲಿ ಯಾರೂ ಇಲ್ಲದಾಗ ಒಮ್ಮೆ ಎತ್ತಿ ಅಲ್ಲಾಡಿಸುತ್ತೇನೆ. ಸಕ್ಕರೆಯೆಂದು ಗೊತ್ತಿದ್ದ ಮಾತ್ರಕ್ಕೆ ಕೇಳದೆ ನಂಬಲಾದೀತೆ?