ಪ್ರಾರ್ಥನೆಯ ಹೊತ್ತಿನ ದಾಲ್ಚಾ

ಪ್ರಾರ್ಥನೆ ಮಾಡುವಾಗ ಕಣ್ಣು ಮುಚ್ಚಬೇಕು ಎಂದು ಚಿಕ್ಕಂದಿನಲ್ಲಿ ನನಗೆ ಎಲ್ಲರೂ ಹೇಳಿಕೊಟ್ಟರು. ಮೂಗನ್ನು ಏನು ಮಾಡಬೇಕೆಂದು ಯಾರೂ ಹೇಳಿಕೊಡಲಿಲ್ಲ. ನನ್ನ ಕಷ್ಟಗಳೆಲ್ಲ ಅಲ್ಲಿಂದಲೇ ಶುರು. ಕಣ್ಣು ಮುಚ್ಚಿದ್ದೇ ತಡ, ನನ್ನ ಮೂಗು ಕಿವಿಗಳು ಮೈಕೊಡವಿಕೊಂಡು ಏಳುತ್ತವೆ. ಪಕ್ಕದ ಮನೆಯ ಒಗ್ಗರಣೆಗೆ ಬಿದ್ದದ್ದು ಸಾಸಿವೆಯೋ ಜೀರಿಗೆಯೋ, ಎದುರು ಮನೆಯ ಹಾಲು ಉಕ್ಕಿತೋ ಇಲ್ಲವೋ, ಎಲ್ಲ ನನಗೆ ಗೊತ್ತಾಗುತ್ತದೆ. ದೇವರು ಏನು ಹೇಳುತ್ತಿದ್ದಾನೆ ಎಂಬುದೊಂದನ್ನು ಬಿಟ್ಟು. ನಮ್ಮ ಚರ್ಚಿನ ಸಭೆಯಲ್ಲಿ ನನ್ನನ್ನು ಭಕ್ತಿವಂತೆ ಎಂದು ತಿಳಿದವರು ಬೇಕಾದಷ್ಟು ಜನ ಇದ್ದಾರೆ. ಕಣ್ಣು ಗಟ್ಟಿಯಾಗಿ ಮುಚ್ಚುತ್ತೇನಲ್ಲ, ಅದಕ್ಕೆ.

ನನಗೆ ಓದುವ ಹುಚ್ಚು. ನಾನು ಪುಸ್ತಕ ಹಿಡಿದೆನೆಂದರೆ ಹಂಚಿನ ಮೇಲಿನ ರೊಟ್ಟಿಗೆ ಗತಿಯಿಲ್ಲ ಎಂದು ನಮ್ಮ ಮನೆಯವರು ಹೇಳುತ್ತಾರೆ. ಅವರು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು. ಕರಿ ರೊಟ್ಟಿಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿ, ಏನೂ ಮಾತಾಡದೆ ತಿನ್ನುತ್ತಾರೆ. ಮಾತಾಡಿದ್ದರೇ ವಾಸಿಯಿತ್ತು. ಹೀಗಿರುವಾಗ ಒಂದು ದಿನ ಸಭೆಯ ಕಪಾಟಿನಲ್ಲಿ ಕ್ರೈಸ್ತ ಗೃಹಿಣಿಯರಿಗಾಗಿ ಯಾರೋ ಬರೆದ ಒಂದು ಹಳೆಯ ಪುಸ್ತಕ ಸಿಕ್ಕಿತು. ಜಾಣ ಗೃಹಿಣಿ ವಾರದ ಅಡುಗೆಯನ್ನು ವಾರದ ಮೊದಲೇ ನಿಶ್ಚಯಿಸಿಬಿಟ್ಟರೆ ಅವಳಿಗೆ ಪ್ರಾರ್ಥನೆಗೂ ಓದಿಗೂ ಹೊತ್ತು ಸಿಗುತ್ತದೆ ಎಂಬುದು ಅದರ ಸಾರ. ಓದಿಗೆ ಹೊತ್ತು ಸಿಗುತ್ತದೆ ಎಂದದ್ದೇ ಸಾಕು, ನಾನು ಶರಣಾದೆ. ಸೋಮವಾರ ಪುಂಡಿಪಲ್ಯ, ಮಂಗಳವಾರ ಬೇಳೆ, ಬುಧವಾರ ಖಿಚಡಿ ಎಂದು ಒಂದು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ.

ಚೀಟಿ ನೋಡಿ ಮೊದಲು ತಕರಾರು ಎತ್ತಿದವರು ನಮ್ಮ ಅತ್ತೆ. ತಮ್ಮೂರು ಹಲಬರ್ಗಾದಿಂದ ಒಂದು ಚೀಲ ಹಸಿ ತೊಗರಿಕಾಯಿ ಹೊತ್ತು ತಂದಿದ್ದರು. ನನ್ನ ಚೀಟಿಯಲ್ಲಿ ತೊಗರಿಕಾಯಿಗೆ ಎಲ್ಲೂ ಜಾಗವಿರಲಿಲ್ಲ. "ಇವತ್ತು ಖಿಚಡಿ ಅದ ಅತ್ತಿ, ಕಾಯಿ ಮುಂದಿನ ವಾರ ಮಾಡ್ತೇನಿ" ಎಂದೆ.

ಅತ್ತೆ ಚೀಲ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟರು. "ದಿನಾ ಪ್ರಾರ್ಥನ್ಯಾಗ ಆ ದಿನದ ರೊಟ್ಟಿ ಅಷ್ಟೇ ಬೇಡ್ತೇವಿ ಹೌದಿಲ್ಲೋ? ನೀ ಶನಿವಾರದ ರೊಟ್ಟಿ ಸೋಮವಾರನೇ ಯಾಕ ಕೇಳ್ತಿ? ದೇವರ ಮ್ಯಾಲ ನಂಬಿಕಿ ಇಲ್ಲೇನು?"

ನಾನು ಪುಸ್ತಕ ತೆಗೆದು ಈ ಪ್ರಶ್ನೆ ಯಾವ ಪುಟದಲ್ಲಿದೆ ಎಂದು ಹುಡುಕತೊಡಗಿದೆ. ಅತ್ತೆ ಆ ರಾತ್ರಿಯೇ ಕಾಯಿ ಸುಲಿದು ಸಾರು ಮಾಡಿದರು, ನಾನು ನನ್ನ ಖಿಚಡಿ ಬಿಟ್ಟು ಅದನ್ನೇ ಎರಡು ಸಲ ಹಾಕಿಸಿಕೊಂಡೆ. ಆದರೂ ಚೀಟಿ ತೆಗೆಯಲಿಲ್ಲ. ಹಟ ಎಂದರೆ ಹಟ.

ಹಟದ ಹೆಂಗಸಿಗೆ ಮಾತಾಡಲು ಅವಕಾಶ ಕೊಡಬಾರದು. ನಮ್ಮ ಸಭೆಯ ಮಹಿಳಾ ಸಂಘದವರು ಕೊಟ್ಟರು. ಅಂದಿನ ವಿಷಯ, ಯೇಸುಸ್ವಾಮಿ ಮನೆಗೆ ಬಂದಾಗ ಅಡುಗೆಮನೆಯಲ್ಲಿ ಗಡಿಬಿಡಿ ಮಾಡುತ್ತಿದ್ದ ಅಕ್ಕ ಮತ್ತು ಸುಮ್ಮನೆ ಅವನ ಪಾದದ ಬಳಿ ಕುಳಿತು ಕೇಳುತ್ತಿದ್ದ ತಂಗಿ. ಪ್ರತಿ ವರ್ಷ ಯಾರಾದರೊಬ್ಬರು ಆ ಅಕ್ಕನನ್ನು ಬಯ್ಯುತ್ತಾರೆ, ನಾವೆಲ್ಲ ತಲೆತಗ್ಗಿಸಿ ಕೇಳುತ್ತೇವೆ, ಮನೆಗೆ ಹೋಗಿ ಮತ್ತೆ ಒಲೆ ಹಚ್ಚುತ್ತೇವೆ. ನಾನು ಹಾಗೆ ಮಾಡಲಿಲ್ಲ. "ಆ ಅಕ್ಕನ ಹತ್ತಿರ ಒಂದು ವಾರದ ಚೀಟಿ ಇದ್ದಿದ್ದರೆ ಅವಳೂ ತಂಗಿಯ ಪಕ್ಕದಲ್ಲೇ ಕೂಡಬಹುದಿತ್ತು" ಎಂದು ಘೋಷಿಸಿದೆ. ಕೆಲವರು ಚಪ್ಪಾಳೆ ತಟ್ಟಿದರು. ನಮ್ಮ ವೈನಿ ತಟ್ಟಲಿಲ್ಲ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ, ಔರಾದ ತಾಲ್ಲೂಕಿನ ಎಕಂಬಾದ ಹೆಣ್ಣುಮಗಳು. ಮದುವೆಯಾಗಿ ಬೀದರಕ್ಕೆ ಬಂದು ಎಷ್ಟು ಕಾಲವಾದರೂ ಎಕಂಬಾದ ಗದ್ದಲದ ನಗು ಹಾಗೇ ಇದೆ. ಎದ್ದು ನಿಂತು ಎಲ್ಲರೆದುರೇ ಕೇಳಿದರು: "ಪ್ರಮೀಲಾ, ಬರೋ ಗುರುವಾರ ಮನಿ ಪ್ರಾರ್ಥನಿ ನಿಮ್ಮಲ್ಲೇ ಅದ. ಊಟಾನೂ ಅದ. ಮೊದಲ್ನೇ ಹಾಡಿನಿಂದ ಕಡೀ ಆಮೆನ್ ತನಕ ನೀ ಎದ್ದು ಒಳಗ ಹೋಗಬಾರದು. ಆಗ್ತದೇನು?"

"ಆಗ್ತದ್ರಿ ವೈನಿ."

"ಎದ್ದಿ ಅಂದ್ರ?"

"ಎದ್ದೆ ಅಂದ್ರ ಚೀಟಿ ಹರದು ಒಲಿಗಿ ಹಾಕ್ತೇನಿ. ಮತ್ತ ಸಂಘದಾಗ ಅಡಗಿ ಬಗ್ಗೆ ಬಾಯಿ ತೆಗಿಯಂಗಿಲ್ಲ."

ಬಾಯಿ ತೆಗೆಯದೆ ಇರುವುದು ನನಗೆ ಎಷ್ಟು ಕಷ್ಟ ಎಂದು ಬಲ್ಲವರೇ ಬಲ್ಲರು. ಆದರೆ ಮನಸ್ಸಿನ ಮಾತು ಹೇಳುತ್ತೇನೆ, ಬರೀ ಪಂತಕ್ಕಾಗಿ ನಾನು ಒಪ್ಪಿರಲಿಲ್ಲ. ನಮ್ಮ ಮನೆಯಲ್ಲಿ ಪ್ರಾರ್ಥನೆ ನಡೆದಾಗಲೆಲ್ಲ ಮೊದಲ ಹಾಡಿನ ಎರಡನೆಯ ಚರಣಕ್ಕೇ ನಾನು ಒಳಗೆ ಓಡಿರುತ್ತೇನೆ. ನನ್ನ ಮನೆಗಾಗಿ, ನನ್ನ ಮಕ್ಕಳಿಗಾಗಿ ಯಾರು ಏನು ಬೇಡಿಕೊಂಡರು ಎಂದು ನಾನು ಒಮ್ಮೆಯೂ ಕೇಳಿಲ್ಲ. ನನ್ನ ಪಾಲಿಗೆ ಕೇಳಿಸುವುದು ಕುಕ್ಕರಿನ ಸೀಟಿ ಮಾತ್ರ. ಒಮ್ಮೆಯಾದರೂ ಕಡೆಯವರೆಗೆ ಕೂಡಬೇಕು ಎಂದು ನಿಜಕ್ಕೂ ಆಸೆಯಿತ್ತು.

ಗುರುವಾರಕ್ಕೆ ಮಸಾಲೆ ಒಗ್ಗರಣೆಯ ಬಗಾರಾ ಅನ್ನ ಮತ್ತು ದಾಲ್ಚಾ ಎಂದು ನಿಶ್ಚಯಿಸಿದೆ. ನಮ್ಮ ಕಡೆ ನೆಂಟರು ಬಂದ ಮನೆಯಲ್ಲಿ ಇವೆರಡು ಇಲ್ಲದಿದ್ದರೆ ಊಟವೇ ಅಲ್ಲ. ಬಗಾರಾ ಮೊದಲೇ ಮಾಡಿ, ಬಟ್ಟೆ ಸುತ್ತಿ, ಹಬೆ ಹೋಗದಂತೆ ದಮ್ಮಿಗೆ ಇಟ್ಟುಬಿಡಬಹುದು. ದಾಲ್ಚಾ ಹಾಗಲ್ಲ. ಬೇಳೆ, ಮಾಂಸ, ಸೋರೆಕಾಯಿ ಎಲ್ಲ ಒಂದೇ ಬೋಗುಣಿಯಲ್ಲಿ ಸಣ್ಣ ಉರಿಯ ಮೇಲೆ ನಿಧಾನವಾಗಿ ಹದಕ್ಕೆ ಬರಬೇಕು. ಉಪ್ಪು, ಹುಣಸೆಹುಳಿ ಕಡೆಗೆ. ಮೊದಲೇ ಹಾಕಿದರೆ ಬೇಳೆ ಬೇಯದೆ ಮೊಂಡು ಹಿಡಿಯುತ್ತದೆ ಎಂದು ನನ್ನ ತಾಯಿ ಹೇಳುತ್ತಿದ್ದಳು. ನಮ್ಮ ಪಾದ್ರಿ ಅಯ್ಯನವರ ಪ್ರಾರ್ಥನೆ ಚಿಕ್ಕದು, ಚೊಕ್ಕದು. ಅವರು ಆಮೆನ್ ಎನ್ನುವ ಹೊತ್ತಿಗೆ ದಾಲ್ಚಾ ಹದಕ್ಕೆ ಬಂದಿರುತ್ತದೆ, ನಾನು ರಾಣಿಯ ಹಾಗೆ ಎದ್ದು ಹೋಗಿ ಉಪ್ಪು ಹುಳಿ ಹಾಕಿ ಬಡಿಸುತ್ತೇನೆ. ಇದು ನನ್ನ ಲೆಕ್ಕಾಚಾರ.

ಈ ಲೆಕ್ಕಕ್ಕೆ ಮೊದಲ ಕಲ್ಲು ಹಾಕಿದವರು ನಮ್ಮ ಮನೆಯವರು. ಮನೆಯಲ್ಲಿದ್ದ ಹಳೆಯ ಬೇಳೆ ಸಾಲದೆಂದು ಅವರನ್ನು ಗಾಂಧಿ ಗಂಜ್ ಪೇಟೆಗೆ ಕಳಿಸಿದ್ದೆ. ಸಂತೋಷದಿಂದ ಚೀಲ ತಂದಿಟ್ಟು, "ಈ ವರ್ಷದ ಹೊಸ ಬ್ಯಾಳಿ ಅಂತ. ಬೆಂಕಿ ಕಂಡ್ರ ಸಾಕು, ಕರಗ್ತದಂತ ಅಂದ ಅಂಗಡಿಯವ" ಎಂದರು. ಅಯ್ಯೋ ದೇವರೇ, ಕರಗುವ ಬೇಳೆ ನನಗೆ ಯಾಕೆ ಬೇಕಿತ್ತು! ನನ್ನ ಲೆಕ್ಕವೆಲ್ಲ ಹಟಮಾರಿ ಹಳೆಯ ಬೇಳೆಯ ಮೇಲೆ ನಿಂತಿತ್ತು. ಆದರೆ ಜನ ಬರುವ ಹೊತ್ತಾಗಿತ್ತು. ಉರಿಯನ್ನು ಇನ್ನಷ್ಟು ಸಣ್ಣ ಮಾಡಿ, ಉಪ್ಪಿನ ಡಬ್ಬಿಯನ್ನು ಕಪಾಟಿನಲ್ಲಿ ಮುಂದಕ್ಕೆ ಸರಿಸಿಟ್ಟು, ಹೊರಗೆ ಬಂದು ಚಾಪೆಯ ನಡುವೆ ಕುಳಿತೆ. ವೈನಿ ಸರಿಯಾಗಿ ನನ್ನೆದುರಿಗೆ ಕುಳಿತರು.

ಎರಡನೆಯ ಕಲ್ಲು ಬಾಗಿಲಿನಿಂದ ಬಂತು. ಪಾದ್ರಿ ಅಯ್ಯನವರು ಔರಾದಿಗೆ ಹೋಗಿದ್ದಾರೆ, ಅವರ ಬದಲು ಭಾಲ್ಕಿಯ ಜೀವಪ್ಪ ಮಾಸ್ತರು ಬಂದಿದ್ದಾರೆ ಎಂದು ಒಳಗೆ ಬಂದ ಹೆಂಗಸರು ಹೇಳಿದರು. ಮಾಸ್ತರು ಬಂಗಾರದಂಥ ಮನುಷ್ಯ. ಸಾಲೆಯಿಂದ ನಿವೃತ್ತರಾಗಿ, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದುಕೊಂಡು, ಯಾರು ಕರೆದರೂ ಬಂದು ಪ್ರಾರ್ಥಿಸುವವರು. ಆದರೆ ಅವರ ಪ್ರಾರ್ಥನೆ ಪ್ಯಾಸೆಂಜರ್ ಗಾಡಿ. ಎಲ್ಲ ಊರಿನಲ್ಲೂ ನಿಲ್ಲುತ್ತದೆ. ಅವರು ಕೂತು ಪ್ರಾರ್ಥಿಸುವವರೂ ಅಲ್ಲ; ತರಗತಿಯಲ್ಲಿ ಓಡಾಡಿದ ಹಾಗೆ ಓಡಾಡುತ್ತಾ ಪ್ರಾರ್ಥಿಸುತ್ತಾರೆ.

ಹಾಡು ಮುಗಿಯಿತು, ಬೈಬಲ್ ವಾಕ್ಯ ಓದಿ ಮುಗಿಯಿತು. "ಕಣ್ಣು ಮುಚ್ಚಿ ಪ್ರಾರ್ಥಿಸೋಣ" ಎಂದರು ಮಾಸ್ತರು. ಗಾಡಿ ಹೊರಟಿತು. ಮೊದಲು ಲೋಕದ ರಾಷ್ಟ್ರಗಳು, ಆಮೇಲೆ ದೇಶ, ರಾಜ್ಯ. ಬೀದರದ ಆಸ್ಪತ್ರೆಯ ರೋಗಿಗಳು, ದಾದಿಯರು, ಗಂಜಿನ ಹಮಾಲರು, ಲಾರಿ ಓಡಿಸುವವರು. ಅಲ್ಲಿಂದ ಹಲಬರ್ಗಾಕ್ಕೆ ಬಂದು ಅಲ್ಲಿನ ತೊಗರಿ ಬೆಳೆಗೆ ಹುಳ ಬೀಳದಿರಲಿ ಎಂದು ಬೇಡಿಕೊಂಡರು. ತೊಗರಿ ಎಂದದ್ದೇ ನನಗೆ ನನ್ನ ಬೇಳೆ ನೆನಪಾಯಿತು, ಮೂಗು ಎದ್ದು ಕುಳಿತಿತು. ವಾಸನೆ ಬರುತ್ತಿತ್ತು. ಇನ್ನೂ ಸೀದ ವಾಸನೆಯಲ್ಲ, ತಳ ಹಿಡಿಯಲು ಶುರುವಾದ ವಾಸನೆ. ಅಡುಗೆ ಮಾಡುವವರಿಗೆ ಅದು ಗೊತ್ತು.

ಮಾಸ್ತರು ಭಾಲ್ಕಿಗೆ ಬಂದರು. ಅದು ಅವರ ಸ್ವಂತ ಊರು, ಓಣಿ ಓಣಿ ತಿರುಗಿದರು. ನನ್ನ ಕಾಲು ತಾನಾಗಿಯೇ ಏಳಲು ನೋಡುತ್ತಿತ್ತು. ಅದನ್ನು ಇನ್ನೊಂದು ಕಾಲಿನಿಂದ ಒತ್ತಿ ಹಿಡಿದೆ. ಕಣ್ಣು ತೆರೆದರೆ ಎದುರಿಗೆ ವೈನಿಯ ಮುಖ, ಆ ಮುಖ ಕಂಡರೆ ನಾನು ಖಂಡಿತ ಎದ್ದುಬಿಡುತ್ತೇನೆ ಎಂದು ಕಣ್ಣು ಇನ್ನೂ ಗಟ್ಟಿಯಾಗಿ ಮುಚ್ಚಿದೆ. "ಸ್ವಾಮೀ, ಹೇಗಾದರೂ ಆ ಒಲೆ ಆರಿಸು" ಎಂದು ಬೇಡಿಕೊಂಡೆ. ಆ ದಿನ ನಾನು ಮಾಡಿದ ಪ್ರಾರ್ಥನೆ ಅದೊಂದೇ.

ಗಾಡಿ ಔರಾದ ದಾಟಿ ಎಕಂಬಾ ಮುಟ್ಟಿತು. ಅಲ್ಲಿ ಇದ್ದಕ್ಕಿದ್ದಂತೆ ಮಾಸ್ತರು, "ಈಗ ನಾವೆಲ್ಲರೂ ಸ್ವಲ್ಪ ಹೊತ್ತು ಮೌನವಾಗಿ ಪ್ರಾರ್ಥಿಸೋಣ" ಎಂದರು. ನನಗೆ ಆಶ್ಚರ್ಯ. ಮಾಸ್ತರು ಮತ್ತು ಮೌನ? ಪಾಪ, ಊರುಗಳು ಮುಗಿದಿರಬೇಕು ಎಂದುಕೊಂಡೆ. ಒಳಗೆ ಮುಚ್ಚಳದ ಸದ್ದಾಯಿತು. ಬೆಕ್ಕು! ದಾಲ್ಚಾ ಸೀದದ್ದಲ್ಲದೆ ಈಗ ಬೆಕ್ಕಿನ ಪಾಲೂ ಆಯಿತು ಎಂದು ಕಣ್ಣಲ್ಲಿ ನೀರು ಬಂತು. ಆದರೂ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಮಾಸ್ತರ ದನಿ ಮತ್ತೆ ಕೇಳಿತು: "ಅಡುಗೆಮನೆಯಲ್ಲಿ ದುಡಿಯುವ ತಾಯಂದಿರನ್ನು, ವಿಶೇಷವಾಗಿ ಈ ಮನೆಯ ತಾಯಿಯನ್ನು ಆಶೀರ್ವದಿಸು. ಆಮೆನ್."

ಆಮೆನ್ ಎಂದದ್ದೇ ನಾನು ಒಳಗೆ ಹಾರಿದೆ. ಒಲೆ ಆರಿತ್ತು! ಬೆಕ್ಕಿನ ಸುಳಿವಿರಲಿಲ್ಲ. ಮುಚ್ಚಳ ತೆಗೆದರೆ ದಾಲ್ಚಾ ಬಂಗಾರದ ಬಣ್ಣದಲ್ಲಿ ಹದವಾಗಿ ಕೂತಿತ್ತು. ಹಾಗೇ ಸೌಟು ಹಿಡಿದುಕೊಂಡು ಹೊರಗೆ ಬಂದು, ಅಳುತ್ತಾ ನಗುತ್ತಾ ಸಾಕ್ಷಿ ಹೇಳಿದೆ. ನಾನು ಬೇಡಿಕೊಂಡೆ, ದೇವರೇ ಒಲೆ ಆರಿಸಿದ, ನಂಬಿಕೆಯೂ ಯೋಜನೆಯೂ ಕೂಡಿದರೆ ಹೀಗಾಗುತ್ತದೆ ಎಂದೆಲ್ಲ. ಹೆಂಗಸರೆಲ್ಲ "ಹಲ್ಲೆಲೂಯಾ" ಎಂದು ಎಂದೂ ಇಲ್ಲದಷ್ಟು ಜೋರಾಗಿ ಕೂಗಿದರು. ವೈನಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಪಶ್ಚಾತ್ತಾಪ ಎಂದುಕೊಂಡೆ. ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಆಮೆನ್ ಎಂದವರು ಮಾಸ್ತರು.

ಬಡಿಸುವ ಮೊದಲು ಉಪ್ಪು ಹಾಕಬೇಕಲ್ಲ. ರುಚಿ ನೋಡಿದೆ. ಉಪ್ಪು ಇತ್ತು. ಇನ್ನೊಮ್ಮೆ ನೋಡಿದೆ. ಸರಿಯಾಗಿ, ಹದವಾಗಿ ಇತ್ತು. ದೇವರು ಒಲೆ ಆರಿಸಿದ್ದನ್ನು ನಾನು ನಂಬಿದ್ದೆ, ಆದರೆ ಉಪ್ಪನ್ನೂ ಹಾಕಿದ ಎಂದರೆ ನನ್ನ ನಂಬಿಕೆ ಅಷ್ಟು ದೂರ ಹೋಗಲಿಲ್ಲ. ಹುಣಸೆಹುಳಿ ಸೇರಿಸಿ ಕುದಿಸುತ್ತಾ, ತಟ್ಟೆ ಒಯ್ಯಲು ಬಂದ ವೈನಿಯ ಕೈ ಹಿಡಿದೆ.

"ವೈನಿ, ಉಪ್ಪು ನಾ ಹಾಕಿಲ್ರಿ."

ಅಷ್ಟೇ ಸಾಕಾಯಿತು. ತಡೆದುಕೊಂಡಿದ್ದ ನಗುವೆಲ್ಲ ಒಡೆದು ವೈನಿ ಗೋಡೆಗೆ ಆತುಕೊಂಡರು. "ಮಾಸ್ತರು ಹಾಕ್ಯಾರ ಹುಚ್ಚಿ! ಮೌನ ಪ್ರಾರ್ಥನಿ ಅಂತ ಹೇಳಿ ಕಳ್ಳನಂಗ ಒಳಗ ಹೋದ್ರು. ಗ್ಯಾಸ್ ಬಂದ್ ಮಾಡಿದ್ರು, ಸೌಟಿಲೆ ತಿರುವಿದ್ರು, ರುಚಿ ನೋಡಿ ಮಾರಿ ಹಿಂಡಿದ್ರು, ಉಪ್ಪು ಹಾಕಿದ್ರು."

"ನೀವು ಕಣ್ಣು ತೆಗದಿದ್ರೇನು?"

"ನೀ ಏಳ್ತೀಯೋ ಇಲ್ಲೋ ಅಂತ ನೋಡಬೇಕಲ್ಲ! ನಾ ಒಬ್ಬಾಕೀನೇ ಏನು, ಎಲ್ಲಾರೂ ನೋಡ್ಯಾರ."

"ಮತ್ತ ನಾ ಸಾಕ್ಷಿ ಹೇಳೋವಾಗ ಯಾಕ ಸುಮ್ನಿದ್ರಿ?"

"ಹ್ಯಾಂಗ ಹೇಳೋದು? ಪ್ರಾರ್ಥನ್ಯಾಗ ಕಣ್ಣು ತೆಗದಿದ್ವಿ ಅಂತ ಮಾಸ್ತರ ಮುಂದ ಹೇಳ್ಬೇಕೇನು?"

ನಮ್ಮ ಮನೆಯವರನ್ನು ಒಳಗೆ ಕರೆದು ಕೇಳಿದೆ. ಅವರು ಮೆಲ್ಲಗೆ, "ಉಪ್ಪಿನ ಡಬ್ಬಿ ಎಲ್ಲದ ಅಂತ ಮಾಸ್ತರು ಕೈಸನ್ನಿ ಮಾಡಿ ಕೇಳಿದ್ದು ನನ್ನನ್ನೇ" ಎಂದರು. ಇಷ್ಟು ವರ್ಷ ಸಂಸಾರ ಮಾಡಿದ ಗಂಡ! ನಾಚಿಕೆಯಿಂದ ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು, ಜೊತೆಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಮೂವರೂ ಅಡುಗೆಮನೆಯಲ್ಲಿ ನಕ್ಕ ಸದ್ದಿಗೆ ಹೊರಗಿನ ಪಂಕ್ತಿಯೂ ನಗತೊಡಗಿತು. ಯಾಕೆ ನಗುತ್ತಿದ್ದೇವೆ ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತಲ್ಲ.

ಹೊರಡುವಾಗ ಮಾಸ್ತರಿಗೆ ಡಬ್ಬಿ ತುಂಬ ದಾಲ್ಚಾ ಕೊಟ್ಟು, "ಮಾಸ್ತರೇ, ದೇವರು ಮಾಡಿದ ಅಂತ ನಾ ಸುಳ್ಳು ಸಾಕ್ಷಿ ಹೇಳಿದಂಗಾತಲ್ರಿ" ಎಂದೆ.

"ಸುಳ್ಳು ಯಾಕ ತಂಗಿ? ನೀ ಬೇಡಿದಿ, ಒಲಿ ಆರ್ತು. ನಮ್ಮಾಕಿ ಹೋದ ಮ್ಯಾಲ ನಾ ಎಷ್ಟ್ ಬೋಗುಣಿ ಸುಟ್ಟೇನಿ ಅಂತ ದೇವರಿಗಿ ಗೊತ್ತದ. ಅದಕ್ಕೇ ಈ ಕೆಲಸ ನನಗ ಹಚ್ಚಿದ." ಚಪ್ಪಲಿ ಮೆಟ್ಟಿಕೊಂಡು ತಿರುಗಿ ನಿಂತರು. "ಖರೇ, ಆ ಹುಣಸಿಹುಳಿ ಎಲ್ಲಿ ಇಟ್ಟಿದ್ದಿ? ಹುಡುಕಿ ಹುಡುಕಿ ಸಾಕಾತು. ಅದಕ್ಕೇ ಮೌನ ಅಷ್ಟು ಉದ್ದ ಆತು ನೋಡು."

ಪಂತ ಗೆದ್ದವಳು ನಾನೇ, ಅದರಲ್ಲಿ ತಕರಾರಿಲ್ಲ. ವೈನಿಯೂ ಒಪ್ಪಿದ್ದಾರೆ. ಅಂದು ಆ ಕೋಣೆಯಲ್ಲಿ ಕಡೆಯವರೆಗೂ ಕೂತು, ಕಡೆಯವರೆಗೂ ಕಣ್ಣು ಮುಚ್ಚಿದ್ದವಳು ನಾನೊಬ್ಬಳೇ. ಕೂತದ್ದು ಆ ತಂಗಿಯ ಹಾಗೆ ಪಾದದ ಬಳಿ, ಮನಸ್ಸು ಮಾತ್ರ ಇಡೀ ಹೊತ್ತು ಬೋಗುಣಿಯ ತಳದಲ್ಲಿತ್ತು. ಕಣ್ಣು ತೆರೆದುಕೊಂಡು, ಕೈಯಲ್ಲಿ ಸೌಟು ಹಿಡಿದುಕೊಂಡು ನಿಜವಾಗಿ ಪ್ರಾರ್ಥಿಸಿದವರು ಬೇರೆಯವರು. ಇದನ್ನು ಯೋಚಿಸಿದರೆ ಆ ಅಕ್ಕನಿಗೆ ನಾನು ಬುದ್ಧಿ ಹೇಳಲು ಹೋಗಿದ್ದು ಸ್ವಲ್ಪ ಹೆಚ್ಚೇ ಆಯಿತು ಎನಿಸುತ್ತದೆ.

ಚೀಟಿ ಹರಿಯಬೇಕಾಗಿ ಬರಲಿಲ್ಲ, ಫ್ರಿಜ್ಜಿನ ಮೇಲೆ ಇನ್ನೂ ಇದೆ. ಮುಂದಿನ ಪ್ರಾರ್ಥನೆಯ ಗುರುವಾರಕ್ಕೆ ಮತ್ತೆ ದಾಲ್ಚಾ ಎಂದೇ ಬರೆದಿದ್ದೇನೆ. ಅದರ ಪಕ್ಕದಲ್ಲಿ ನಮ್ಮ ಮನೆಯವರು ಪೆನ್ನಿನಿಂದ "ಉಪ್ಪು: ಮಾಸ್ತರು" ಎಂದು ಸೇರಿಸಿದ್ದಾರೆ. ಹೊಡೆದುಹಾಕಬೇಕೆಂದು ನಾನೂ ಪೆನ್ನು ತೆಗೆದುಕೊಂಡು ಹೋದೆ. ಹೋದವಳು, ಅದರ ಕೆಳಗೆ ಹೀಗೆ ಬರೆದು ಬಂದೆ: "ಹುಣಸೆಹುಳಿ: ಒಲೆಯ ಬಲಕ್ಕೆ, ಮುಚ್ಚದೆ, ಕಾಣುವ ಹಾಗೆ."